ಕುಳಿತುಕೊಳ್ಳಬೇಡಿ, ಇದು ರೋಮ್

ಕೊನೆಗೂ ರೋಮ್ ನಗರಪಾಲಿಕೆ ಆ ಎರಡು ಯೂರೋ ಟಿಕೆಟನ್ನು ಜಾರಿಗೆ ತಂದೇ ಬಿಟ್ಟಿತು. 2026ರ ಫೆಬ್ರವರಿ 1ರಿಂದ ಟ್ರೆವಿ ಕಾರಂಜಿಯ ಕೊಳದ ಅಂಚಿಗೆ ಇಳಿಯುವ ಪ್ರವಾಸಿ ದುಡ್ಡು ಕೊಟ್ಟೇ ಇಳಿಯಬೇಕು, ಊರಿನವರಿಗೆ ಮಾಫಿ. ಇಳಿದು ಮಾಡುವುದೇನು? ಕಾರಂಜಿಗೆ ಬೆನ್ನು ತಿರುಗಿಸಿ ಭುಜದ ಮೇಲಿಂದ ನಾಣ್ಯ ಎಸೆಯುವುದು. ಅಂದರೆ ದುಡ್ಡು ಎಸೆಯುವ ಭಾಗ್ಯಕ್ಕೂ ದುಡ್ಡು. ವಿಶೇಷ ದರ್ಶನದ ಚೀಟಿ ಹರಿಸಿಕೊಂಡು, ಒಳಗೆ ಹೋಗಿ ಹುಂಡಿಗೂ ಹಾಕಿ ಪಳಗಿದ ಕನ್ನಡದ ಯಾತ್ರಿಕನಿಗೆ ಇದರಲ್ಲಿ ಆಶ್ಚರ್ಯವೇನೂ ಇಲ್ಲ. ನಮ್ಮ ಮುಜರಾಯಿ ಇಲಾಖೆಯವರು ಯಾರೋ ಅಧ್ಯಯನ ಪ್ರವಾಸಕ್ಕೆಂದು ಹೋದವರು ಅಲ್ಲಿ ಪಾಠ ಹೇಳಿಕೊಟ್ಟು ಬಂದಿರಬೇಕು.

ನೀರಿಗೆ ಬಿದ್ದ ನಾಣ್ಯಗಳು ಕಾರಿತಾಸ್ ಎಂಬ ಕ್ಯಾಥೊಲಿಕ್ ಸೇವಾಸಂಸ್ಥೆಯ ಮೂಲಕ ಬಡವರಿಗೆ ಹೋಗುತ್ತವೆ, ಅದಕ್ಕೆ ತಕರಾರಿಲ್ಲ. ತಕರಾರು ಎಸೆಯುವವರ ಬಗ್ಗೆ. 2024ರ ಕೊನೆಯಲ್ಲಿ ಕಾರಂಜಿಯನ್ನು ಬರಿದು ಮಾಡಿ ತೊಳೆಯುತ್ತಿದ್ದಾಗ ಪಾಲಿಕೆಯವರು ಮುಂದೆ ಒಂದು ಪುಟ್ಟ ತೊಟ್ಟಿ ಕಟ್ಟಿಟ್ಟರು. ಜನ ಅದಕ್ಕೂ ಭಕ್ತಿಯಿಂದ ಬೆನ್ನು ತಿರುಗಿಸಿದರು, ಸೆಲ್ಫಿ ತೆಗೆದುಕೊಂಡರು, ನಾಣ್ಯ ಎಸೆದರು. ಪಾಪ, ವಾಸ್ತುಶಿಲ್ಪಿ ನಿಕೋಲಾ ಸಾಲ್ವಿ 1732ರಲ್ಲಿ ಈ ಕಾರಂಜಿಯನ್ನು ಕಟ್ಟಲು ಹೊರಟು, ಮುಗಿಯುವ ಮೊದಲೇ ತೀರಿಕೊಂಡ. ಸಮುದ್ರದೇವತೆಯೂ ಬೇಡ, ಕುದುರೆಯೂ ಬೇಡ, ಒಂದು ತೊಟ್ಟಿ ಸಾಕಿತ್ತು ಎಂದು ಆಗ ಅವನಿಗೆ ಯಾರೂ ಹೇಳಲಿಲ್ಲ.

ಅಲ್ಲಿಂದ ಹತ್ತು ನಿಮಿಷ ನಡೆದರೆ ಸ್ಪ್ಯಾನಿಷ್ ಮೆಟ್ಟಿಲು ಎಂಬ ದೊಡ್ಡ ಕಲ್ಲಿನ ಸೋಪಾನ. 1726ರಲ್ಲಿ ಮುಗಿದ ಇದಕ್ಕೆ ದುಡ್ಡು ಬಿಟ್ಟು ಹೋದವನು ಒಬ್ಬ ಫ್ರೆಂಚ್ ರಾಜತಾಂತ್ರಿಕ. ಹೆಸರು ಬಂದದ್ದು ಕೆಳಗಿರುವ ಸ್ಪೇನಿನ ರಾಯಭಾರ ಕಚೇರಿಯಿಂದ. ದುಡ್ಡು ಫ್ರೆಂಚರದು, ಹೆಸರು ಸ್ಪೇನಿನವರದು, ದಂಡ ಮಾತ್ರ ನಮ್ಮದು. 2019ರಿಂದ ಇಲ್ಲಿ ಕುಳಿತುಕೊಳ್ಳುವುದು ಅಪರಾಧ, 400 ಯೂರೋವರೆಗೂ ಬೀಳಬಹುದು. ನೀವು ಸೊಂಟ ಬಗ್ಗಿಸಿದ್ದೇ ತಡ, ಪೊಲೀಸರ ಸೀಟಿ ಕೇಳಿಸುತ್ತದೆ. ಬುಲ್ಗರಿ ಆಭರಣ ಕಂಪನಿ ಹದಿನೈದು ಲಕ್ಷ ಯೂರೋ ಕೊಟ್ಟು ಮೆಟ್ಟಿಲು ತೊಳೆಸಿದೆ, ಅದರ ಮೇಲೆ ಯಾರ ಯಾರದೋ ಪ್ಯಾಂಟು ತಗುಲಿದರೆ ಹೇಗೆ? ಆದರೆ 2025ರ ಜೂನ್‌ನಲ್ಲಿ ಎಂಬತ್ತರ ಹಿರಿಯರೊಬ್ಬರು ಬೆಳಗಿನ ಜಾವ ಮರ್ಸಿಡಿಸ್ ಕಾರನ್ನೇ ಈ ಮೆಟ್ಟಿಲ ಮೇಲೆ ಇಳಿಸಿ ನಡುವೆ ಸಿಕ್ಕಿಕೊಂಡರು. ಕಾನೂನಿನ ದೃಷ್ಟಿಯಿಂದ ನೋಡಿದರೆ ಅವರು ಸ್ವಲ್ಪ ಸುರಕ್ಷಿತರೇ. ಅವರು ಕುಳಿತದ್ದು ಮೆಟ್ಟಿಲ ಮೇಲಲ್ಲ, ಸೀಟಿನ ಮೇಲೆ.

ಹಾಗಾದರೆ ಕಾಫಿ ಕುಡಿಯುವ ನೆಪದಲ್ಲಾದರೂ ಕೂರೋಣ ಎನ್ನುತ್ತೀರಾ? ಕೌಂಟರಿನ ಬಳಿ ನಿಂತು ಕುಡಿದರೆ ಒಂದು ದರ, ಕುರ್ಚಿ ಎಳೆದುಕೊಂಡರೆ ಇನ್ನೊಂದು. ಚೌಕದ ಕಡೆ ಮುಖ ಮಾಡಿದ ಕುರ್ಚಿಯಾದರೆ ದರ ಕೇಳದಿರುವುದೇ ಆರೋಗ್ಯಕ್ಕೆ ಒಳ್ಳೆಯದು.

ತಮಾಷೆ ಸಾಕು. ಯೂರೋಪಿನಲ್ಲಿ ಕೆಲಸದಲ್ಲಿರುವ ಮಗನನ್ನೋ ಮಗಳನ್ನೋ ನೋಡಲು ಬಂದ, ಮಂಡಿ ಸವೆದ ಅಮ್ಮಂದಿರು ಈ ಊರನ್ನು ನಡೆದೇ ನೋಡುತ್ತಾರೆ. ಕಾಲಡಿಯಲ್ಲಿ ಸಂಪಿಯೆತ್ರಿನಿ ಎಂಬ ಕರಿಗಲ್ಲು. ಒಂದೊಂದೂ ಒಂದೊಂದು ಎತ್ತರ. ಕೊಲೋಸಿಯಮ್‌ನಿಂದ ವ್ಯಾಟಿಕನ್‌ವರೆಗಿನ ದಾರಿಯಲ್ಲಿ ದುಡ್ಡಿಲ್ಲದೆ ಕೂರಲು ನೆರಳಿನ ಬೆಂಚು ಸಿಕ್ಕರೆ ಪುಣ್ಯ. ವರ್ಷಕ್ಕೆ ಲಕ್ಷಗಟ್ಟಲೆ ಜನರನ್ನು ಬನ್ನಿ ಎಂದು ಕರೆಯುತ್ತಾರೆ, ಹಳೆಯ ಓಣಿಗಳ ಮನೆಗಳನ್ನೆಲ್ಲ ಅವರಿಗೇ ದಿನಬಾಡಿಗೆಗೆ ಕೊಟ್ಟು ಅಲ್ಲಿದ್ದವರನ್ನು ಊರ ಹೊರಗೆ ಅಟ್ಟುತ್ತಾರೆ, ಆಮೇಲೆ ದಣಿದು ಕಲ್ಲಿನ ಮೇಲೆ ಕುಳಿತ ಮುದುಕಿಯಿಂದ ನಗರದ ಘನತೆ ಕೆಟ್ಟಿತು ಎನ್ನುತ್ತಾರೆ. ಘನತೆಯಂತೆ! ಒಂದು ಬೆಂಚು ಹಾಕಲು ಎಷ್ಟು ಖರ್ಚಾಗುತ್ತದೆ?

ಹೋಗಲಿ, ನೀರಾದರೂ ಪುಕ್ಕಟೆ. ನಸೋನಿ ಎಂಬ ಕಬ್ಬಿಣದ ನಲ್ಲಿಗಳು ಊರಿನಲ್ಲಿ ಸುಮಾರು 2500 ಇವೆ, ಹಗಲಿರುಳೂ ತಣ್ಣಗೆ ಹರಿಯುತ್ತವೆ. ಬೆರಳಿನಿಂದ ಮೂತಿ ಮುಚ್ಚಿದರೆ ಮೇಲಿನ ತೂತಿನಿಂದ ನೀರು ಚಿಮ್ಮುತ್ತದೆ, ಬಗ್ಗದೆಯೇ ಕುಡಿಯಬಹುದು. ಇಷ್ಟು ಒಳ್ಳೆಯ ವ್ಯವಸ್ಥೆಯನ್ನು ಬಿಟ್ಟಿಯಾಗಿ ಏಕೆ ಬಿಟ್ಟರು ಎಂಬ ಅನುಮಾನಕ್ಕೆ ಒಂದು ಗಂಟೆಯ ನಂತರ ಉತ್ತರ ಸಿಗುತ್ತದೆ. ಶೌಚಾಲಯಕ್ಕೆ ಒಂದು ಯೂರೋ.

ಈ ವಿದ್ಯೆ ಇಂದಿನದಲ್ಲ. ಒಂದನೇ ಶತಮಾನದಲ್ಲಿ ವೆಸ್ಪಾಸಿಯನ್ ಚಕ್ರವರ್ತಿ ಸಾರ್ವಜನಿಕ ಮೂತ್ರಾಲಯಗಳ ಮೇಲೆ ತೆರಿಗೆ ಹಾಕಿದ. ಬಟ್ಟೆ ಒಗೆಯುವವರಿಗೆ, ತೊಗಲು ಹದಮಾಡುವವರಿಗೆ ಅಲ್ಲಿಯ ಮೂತ್ರ ಬೇಕಾಗಿತ್ತು, ತೆರಿಗೆ ಅದರ ಮೇಲೆ. ಮಗ ಟೈಟಸ್ ಅಸಹ್ಯಪಟ್ಟಾಗ ಆ ತೆರಿಗೆಯ ನಾಣ್ಯವನ್ನೇ ಅವನ ಮೂಗಿಗೆ ಹಿಡಿದು, ವಾಸನೆ ಬರುತ್ತದೆಯೇ ಎಂದು ಕೇಳಿದನಂತೆ. ಕೊಲೋಸಿಯಮ್ ಕಟ್ಟಿಸಲು ಶುರುಮಾಡಿದವನೂ ಇದೇ ವೆಸ್ಪಾಸಿಯನ್. ಅದರ ಟಿಕೆಟಿಗೆ 18 ಯೂರೋ ತೆತ್ತು ಹೊರಬಂದು, ಶೌಚಾಲಯದ ಡಬ್ಬಿಗೆ ಇನ್ನೊಂದು ಯೂರೋ ಹಾಕುವಾಗ ಅದನ್ನು ಮೂಸಿ ನೋಡಬೇಕು ಎಂದು ನಿಮಗೆ ಅನ್ನಿಸಬಹುದು. ದಯವಿಟ್ಟು ಬೇಡ. ನಿಮ್ಮ ಹಿಂದಿರುವ ಸಾಲು ಉದ್ದವಿದೆ, ಮತ್ತು ಅವರಲ್ಲಿ ಹೆಚ್ಚಿನವರು ಅವಸರದಲ್ಲಿದ್ದಾರೆ.