ಅಭಿಮಾನಿಗೆ ಮಾತ್ರ ವರ್ಗಾವಣೆ ಇಲ್ಲ

ಅಮೆರಿಕದ ಉತ್ತರ ಕೆರೊಲಿನಾ ರಾಜ್ಯದ ಡರ್ಹಮ್ ಊರಿನಲ್ಲಿ ಡ್ಯೂಕ್ ವಿಶ್ವವಿದ್ಯಾಲಯವಿದೆ. ಅಲ್ಲಿ ಓದುವುದಕ್ಕೆ ವರ್ಷಕ್ಕೆ 85 ಸಾವಿರ ಡಾಲರ್‌ಗೂ ಮಿಕ್ಕಿದ ಖರ್ಚು. ಅಷ್ಟು ಹಣ ಸುರಿದು ಸೇರಿದ ಮಕ್ಕಳು ಜನವರಿಯ ಕೊರೆಯುವ ಚಳಿಯಲ್ಲಿ ಹುಲ್ಲುಹಾಸಿನ ಮೇಲೆ ಟೆಂಟ್ ಹಾಕಿಕೊಂಡು ವಾರಗಟ್ಟಲೆ ಮಲಗುತ್ತಾರೆ. ಹಾಸ್ಟೆಲ್ ಸಿಗಲಿಲ್ಲವೆಂದಲ್ಲ. ಬೆಚ್ಚಗಿನ ಕೋಣೆ ಅಲ್ಲೇ ಕೂಗಳತೆಯಲ್ಲಿ ಖಾಲಿ ಬಿದ್ದಿರುತ್ತದೆ, ಅದರ ಬಾಡಿಗೆಯನ್ನೂ ಅಪ್ಪ ಕಟ್ಟಿರುತ್ತಾರೆ. ಇವರು ಬೀದಿಗೆ ಬಿದ್ದಿರುವುದು ಬಾಸ್ಕೆಟ್‌ಬಾಲ್ ನೋಡಲು. ಹತ್ತು ಮೈಲಿ ಆಚೆಗಿನ ಚಾಪೆಲ್ ಹಿಲ್‌ನಿಂದ ಉತ್ತರ ಕೆರೊಲಿನಾ ವಿಶ್ವವಿದ್ಯಾಲಯದ ತಂಡ ಬರುತ್ತದೆ. 1940ರಲ್ಲಿ ಕಟ್ಟಿದ ಕ್ಯಾಮರಾನ್ ಕ್ರೀಡಾಂಗಣದಲ್ಲಿ ಹಿಡಿಸುವುದು 9,314 ಜನ ಮಾತ್ರ. ಅದರಲ್ಲಿ ಅಂಕಣದ ಅಂಚಿಗೆ ತಾಗಿದ ಜಾಗ ವಿದ್ಯಾರ್ಥಿಗಳದು. ಅಲ್ಲಿ ಕೂರಲು ಅಲ್ಲ, ಪಂದ್ಯ ಮುಗಿಯುವವರೆಗೂ ನಿಂತು ಕಿರುಚಲು ಈ ತಪಸ್ಸು.

1986ರಿಂದ ನಡೆದುಬಂದಿರುವ ಈ ಟೆಂಟ್ ನಗರಕ್ಕೆ ಡ್ಯೂಕ್ ತಂಡದ ಅಂದಿನ ತರಬೇತುದಾರ ಮೈಕ್ ಶಶೆವ್‌ಸ್ಕಿಯವರ ಹೆಸರಿದೆ. ಅದಕ್ಕೊಂದು ಸಂವಿಧಾನವೂ ಇದೆ. ಒಂದು ಟೆಂಟಿಗೆ ಹನ್ನೆರಡು ಜನ. ಎಲ್ಲರಿಗಿಂತ ಮೊದಲು ಬಂದು ಹೆಚ್ಚು ನರಳುವವರದು ಕಪ್ಪು ಟೆಂಟ್, ಆಮೇಲಿನವರದು ನೀಲಿ, ಕೊನೆಯವರದು ಬಿಳಿ. ಇಷ್ಟರಲ್ಲೇ ಜಾತಿ ಹುಟ್ಟಿಕೊಂಡಿತು ನೋಡಿ. ನಡುರಾತ್ರಿಯಲ್ಲಿ ಸರದಿ ಮೇಲ್ವಿಚಾರಕರೆಂಬ ವಿದ್ಯಾರ್ಥಿಗಳೇ ಬಂದು ಎಲ್ಲರನ್ನೂ ಎಬ್ಬಿಸಿ ಹಾಜರಿ ಹಾಕುತ್ತಾರೆ. ತರಗತಿಯ ಹಾಜರಿಗೆ ಕ್ಯಾರೇ ಎನ್ನದವರು ಕಣ್ಣುಜ್ಜಿಕೊಂಡು, ಗುರುತಿನ ಚೀಟಿ ಹಿಡಿದು, ಮಂಜಿನಲ್ಲಿ ಓಡೋಡಿ ಬರುತ್ತಾರೆ. ಹಾಜರಿ ತಪ್ಪುತ್ತಾ ಹೋದರೆ ಟೆಂಟ್ ಸಾಲಿನ ಹಿಂದಕ್ಕೆ ಹೋಗುತ್ತದೆ. ಹಿಮ ಬಿದ್ದಾಗ ಅಥವಾ ಚಳಿ ಮಿತಿಮೀರಿದಾಗ ಕೃಪೆ ತೋರಿ, ಹೋಗಿ ಒಳಗೆ ಮಲಗಿಕೊಳ್ಳಿ ಎಂದು ಅಪ್ಪಣೆ ಕೊಡಿಸುವುದೂ ಉಂಟು.

ಕಪ್ಪು ಟೆಂಟಿಗೆ ಪೈಪೋಟಿ ಹೆಚ್ಚಿದ್ದರಿಂದ ಪ್ರವೇಶ ಪರೀಕ್ಷೆಯೂ ಬಂತು. ತಂಡದ ಚರಿತ್ರೆಯಿಂದ ಹಿಡಿದು ಈ ಸಲದ ಆಟಗಾರರ ಜಾತಕದವರೆಗೆ ಪ್ರಶ್ನೆಗಳು. ಹುಡುಗರು ಗುಂಪುಗುಂಪಾಗಿ ಕುಳಿತು ಉರು ಹೊಡೆಯುತ್ತಾರೆ. ವಿಶ್ವವಿದ್ಯಾಲಯವೊಂದರಲ್ಲಿ ವಿದ್ಯಾರ್ಥಿಗಳು ಸ್ವಂತ ಇಷ್ಟದಿಂದ ಓದುವ ಏಕೈಕ ವಿಷಯ ಇದೇ ಇರಬೇಕು. ಇಲ್ಲೊಂದು ತೊಡಕಿದೆ. ಯಾರ ಬಗ್ಗೆ ಪರೀಕ್ಷೆ ಬರೆಯುತ್ತಿದ್ದಾರೋ ಆ ಆಟಗಾರನು ಬಂದದ್ದು ಮೊನ್ನೆ ಜೂನ್‌ನಲ್ಲಿ, ಹೋಗುವುದು ಬರುವ ಏಪ್ರಿಲ್‌ನಲ್ಲಿ. ಹದಿನೆಂಟರ ಹುಡುಗ ಶಾಲೆಯಿಂದ ನೇರವಾಗಿ ವೃತ್ತಿಪರ ಎನ್‌ಬಿಎ ಲೀಗಿಗೆ ಹಾರುವಂತಿಲ್ಲ, ಹತ್ತೊಂಬತ್ತಾಗಬೇಕು, ಶಾಲೆ ಬಿಟ್ಟು ಒಂದು ವರ್ಷವಾದರೂ ಕಳೆದಿರಬೇಕು ಎಂದು ಎನ್‌ಬಿಎ ನಿಯಮ ಮಾಡಿದ್ದರಿಂದ, ಪ್ರತಿಭಾವಂತರು ಆ ಒಂದು ವರ್ಷ ಕಾಲೇಜಿನಲ್ಲಿ ಬಿಡಾರ ಹೂಡುತ್ತಾರೆ. ಡ್ಯೂಕ್‌ನ ಕೂಪರ್ ಫ್ಲ್ಯಾಗ್ ಹಾಗೆ ಬಂದು, ತಂಡವನ್ನು 2025ರ ರಾಷ್ಟ್ರೀಯ ಪಂದ್ಯಾವಳಿಯ ಸೆಮಿಫೈನಲ್‌ವರೆಗೆ ಹೊತ್ತೊಯ್ದು, ಹ್ಯೂಸ್ಟನ್ ಎದುರು 70–67ರಿಂದ ಸೋತು, ಜೂನ್‌ನಲ್ಲಿ ಡಲ್ಲಾಸ್ ತಂಡದ ಪಾಲಾದ. ಅಭಿಮಾನಿ ಅವನ ಪಠ್ಯಕ್ರಮ ಮುಗಿಸುವ ಹೊತ್ತಿಗೆ ಪಠ್ಯಪುಸ್ತಕವೇ ಬದಲಾಗಿತ್ತು.

ಹೀಗೆ ಎನ್‌ಬಿಎಗೆ ಹೋದವರನ್ನಾದರೂ ಮಗಳ ಮದುವೆಯಾಯಿತೆಂಬಂತೆ ಕಣ್ಣೊರೆಸಿಕೊಂಡು ಕಳುಹಿಸಬಹುದು. ಉಳಿದವರ ಕಥೆ ಬೇರೆ. 2018ರಲ್ಲಿ, ಕಾಲೇಜು ಬದಲಿಸಬೇಕೆನ್ನುವ ಆಟಗಾರರು ಹೆಸರು ನೋಂದಾಯಿಸುವ ವರ್ಗಾವಣೆ ಪೋರ್ಟಲ್ ಎಂಬುದು ಶುರುವಾಯಿತು. ಕಾಲೇಜು ಬದಲಿಸಿದರೆ ಒಂದು ವರ್ಷ ಬೆಂಚು ಕಾಯಬೇಕೆಂಬ ಹಳೆಯ ಕಟ್ಟಳೆಯನ್ನು 2021ರಲ್ಲಿ ಒಂದು ಸಲದ ಮಟ್ಟಿಗೆ ಸಡಿಲಿಸಿದರು. 2024ರಲ್ಲಿ, ಪಾಸಾಗುತ್ತಿದ್ದರೆ ಸಾಕು, ಎಷ್ಟು ಸಲ ಬೇಕಾದರೂ ಹಾರಿ ಎಂದು ಬಾಗಿಲನ್ನೇ ಕಿತ್ತಿಟ್ಟರು. ಪಕ್ಷಾಂತರ ನಿಷೇಧ ಕಾಯ್ದೆಯನ್ನು ರದ್ದು ಮಾಡಿದ ವಿಧಾನಸೌಧದ ಮೊಗಸಾಲೆಯನ್ನು ಊಹಿಸಿಕೊಂಡರೆ ಚಿತ್ರ ಪೂರ್ತಿಯಾಗುತ್ತದೆ. 2025ರಲ್ಲಂತೂ ಪೋರ್ಟಲ್ ತೆರೆದದ್ದು ಮಾರ್ಚ್ 24ರಂದು, ರಾಷ್ಟ್ರೀಯ ಪಂದ್ಯಾವಳಿ ಇನ್ನೂ ಅರ್ಧದಲ್ಲಿರುವಾಗ. ಒಂದು ಕಡೆ ಹದಿನಾರು ತಂಡಗಳು ಕಿರೀಟಕ್ಕೆ ಕಾದಾಡುತ್ತಿದ್ದರೆ, ಇನ್ನೊಂದು ಕಡೆ ಮನೆಗೆ ಹೋದವರ ಹರಾಜು.

ಕೆಂಟಕಿಯವರ ಪಾಡು ನೋಡಿ. ಆ ರಾಜ್ಯದಲ್ಲಿ ಬಾಸ್ಕೆಟ್‌ಬಾಲ್ ಬಿಟ್ಟರೆ ಕುದುರೆ, ಕುದುರೆ ಬಿಟ್ಟರೆ ಬಾಸ್ಕೆಟ್‌ಬಾಲ್. ಹದಿನೈದು ವರ್ಷ ಅಲ್ಲಿ ದೊರೆಯಂತಿದ್ದ ತರಬೇತುದಾರ ಜಾನ್ ಕ್ಯಾಲಿಪಾರಿ 2024ರ ಏಪ್ರಿಲ್‌ನಲ್ಲಿ ಗಂಟುಮೂಟೆ ಕಟ್ಟಿ ಅರ್ಕಾನ್ಸಾಸ್ ವಿಶ್ವವಿದ್ಯಾಲಯಕ್ಕೆ ಹೊರಟರು. ಹಿಂದಿನ ವರ್ಷದ ಆಟಗಾರರಲ್ಲಿ ಕೆಲವರು ಅವರ ಬೆನ್ನು ಹತ್ತಿದರು, ಕೆಲವರು ಎನ್‌ಬಿಎಗೆ, ಕೆಲವರು ಮತ್ತೆಲ್ಲಿಗೋ. ವಿದ್ಯಾರ್ಥಿವೇತನ ಪಡೆಯುತ್ತಿದ್ದವರಲ್ಲಿ ಒಬ್ಬನೂ ಉಳಿಯಲಿಲ್ಲ. ಹೊಸ ತರಬೇತುದಾರ ಮಾರ್ಕ್ ಪೋಪ್ ಸೊನ್ನೆಯಿಂದ ತಂಡ ಕಟ್ಟಿದರು. ಇಪ್ಪತ್ತು ಸಾವಿರಕ್ಕೂ ಹೆಚ್ಚು ಆಸನಗಳಿರುವ ರಪ್ ಅರೀನಾದಲ್ಲಿ ಆ ವರ್ಷ ಹಳಬರೆಂದು ಇದ್ದವರು ಪ್ರೇಕ್ಷಕರು ಮಾತ್ರ. 2025ರ ಫೆಬ್ರವರಿ 1ರಂದು ಕ್ಯಾಲಿಪಾರಿ ತಮ್ಮ ಹೊಸ ತಂಡದೊಂದಿಗೆ ಅದೇ ಅಂಗಳಕ್ಕೆ ಕಾಲಿಟ್ಟಾಗ ಜನ ಗಂಟಲು ಹರಿಯುವಂತೆ ಛೀಮಾರಿ ಹಾಕಿದರು. ಅವರು 89–79ರಿಂದ ಗೆದ್ದು ಹೋದರು. ದ್ರೋಹಿಗೆ ಪಾಠ ಕಲಿಸಲು ಟಿಕೆಟ್ ಕೊಂಡು ಹೋದವರು ಪಾಠ ಕಲಿಸಿಕೊಂಡು ಬಂದರು.

ಭೂಗೋಳವೂ ಕೈಕೊಟ್ಟಿದೆ. ಡ್ಯೂಕ್ ಆಡುವ ಲೀಗ್ ಅಟ್ಲಾಂಟಿಕ್ ಕರಾವಳಿಯದು, ಹೆಸರಿನಲ್ಲೇ ಹಾಗಿದೆ. 2024ರಲ್ಲಿ ಅದಕ್ಕೆ ಸ್ಟ್ಯಾನ್‌ಫರ್ಡ್ ಮತ್ತು ಬರ್ಕ್ಲಿ ಸೇರಿದವು. ಎರಡೂ ಇರುವುದು ಪೆಸಿಫಿಕ್ ಮಹಾಸಾಗರದ ಮಗ್ಗುಲಲ್ಲಿ, ಡರ್ಹಮ್‌ನಿಂದ ಹತ್ತಿರ ಹತ್ತಿರ ನಾಲ್ಕು ಸಾವಿರ ಕಿಲೋಮೀಟರ್ ದೂರ. ಒಳನಾಡಿನ ಡಲ್ಲಾಸ್‌ನ ಮತ್ತೊಂದು ವಿಶ್ವವಿದ್ಯಾಲಯಕ್ಕೂ ಅದೇ ವರ್ಷ ಕರಾವಳಿ ಪ್ರಾಪ್ತಿಯಾಯಿತು. ಹತ್ತರ ಲೆಕ್ಕದ ಹೆಸರಿರುವ ಬಿಗ್ ಟೆನ್ ಲೀಗಿನಲ್ಲಿ ಈಗ ಹದಿನೆಂಟು ಸದಸ್ಯರಿದ್ದಾರೆ. ಟೆಲಿವಿಷನ್ ಒಪ್ಪಂದ ಇರುವ ಕಡೆ ಸಮುದ್ರ ತಾನಾಗಿ ಬರುತ್ತದೆ, ಗಣಿತವೂ ತಲೆಬಾಗುತ್ತದೆ.

ಇನ್ನು ದುಡ್ಡಿನ ಮಾತು. ಬಹಳ ವರ್ಷ ಆಟಗಾರರಿಗೆ ವಿದ್ಯಾರ್ಥಿವೇತನ ಬಿಟ್ಟು ಬಿಡಿಗಾಸು ಕೊಡುವುದೂ ಮಹಾಪಾಪವಾಗಿತ್ತು. ತರಬೇತುದಾರರು ಮಾತ್ರ ಕೋಟಿಗಳಲ್ಲಿ ಸಂಬಳ ಎಣಿಸುತ್ತಿದ್ದರು. ಅದು ಅನ್ಯಾಯವೇ, ಹುಡುಗರಿಗೆ ಅವರ ಪಾಲು ಸಿಗಬೇಕಾದದ್ದೇ, ಅದರಲ್ಲಿ ನನ್ನ ತಕರಾರಿಲ್ಲ. 2021ರ ಜುಲೈ 1ರಿಂದ ಅವರು ತಮ್ಮ ಹೆಸರು, ಮುಖಗಳಿಂದ ದುಡಿಯಬಹುದೆಂದಾಯಿತು. 2025ರ ಜೂನ್‌ನಲ್ಲಿ ನ್ಯಾಯಾಲಯ ಒಪ್ಪಿದ ರಾಜಿಯಂತೆ ವಿಶ್ವವಿದ್ಯಾಲಯಗಳೇ ತಮ್ಮ ಕ್ರೀಡಾಪಟುಗಳಿಗೆಲ್ಲ ಸೇರಿ ಮೊದಲ ವರ್ಷ 2.05 ಕೋಟಿ ಡಾಲರ್‌ವರೆಗೆ ಹಂಚಬಹುದು. ತಮಾಷೆ ಇರುವುದು ಈ ಹಣ ಬರುವ ದಾರಿಯಲ್ಲಿ. ತಂಡಕ್ಕೊಂದು ಅಭಿಮಾನಿಗಳ ನಿಧಿ ಹುಟ್ಟಿತು. ತಿಂಗಳಿಗಿಷ್ಟು ಕೊಡಿ, ಒಳ್ಳೆಯ ಆಟಗಾರರನ್ನು ಹಿಡಿದಿಡೋಣ ಎಂದು ಮನವಿ ಬರತೊಡಗಿತು. ಕೆಲವು ನಿಧಿಗಳು ತಮ್ಮನ್ನು ಧರ್ಮದತ್ತಿಯೆಂದೇ ನೋಂದಾಯಿಸಿಕೊಂಡವು. ಆರೂಮುಕ್ಕಾಲು ಅಡಿಯ ಆಜಾನುಬಾಹುವಿಗೆ ಕಾರು ಕೊಡಿಸುವುದು ಅನ್ನದಾನದ ಲೆಕ್ಕಕ್ಕೆ ಬರುವುದಿಲ್ಲ ಎಂದು ತೆರಿಗೆ ಇಲಾಖೆ 2023ರಲ್ಲಿ ಹೆಚ್ಚುಕಡಿಮೆ ಹಾಗೆಯೇ ಅರ್ಥ ಬರುವಂತೆ ತಿಳಿಹೇಳಬೇಕಾಯಿತು.

ಒಟ್ಟಿನಲ್ಲಿ ಆಟಗಾರನಿಗೆ ಸಂಬಳ, ತರಬೇತುದಾರನಿಗೆ ಸಂಬಳ, ಲೀಗಿಗೆ ಟೆಲಿವಿಷನ್ ಹಣ. ಪೈಸೆ ಪಡೆಯದೆ, ನಿದ್ದೆಗೆಟ್ಟು, ಪರೀಕ್ಷೆ ಬರೆದು, ಮೇಲೆ ಕೈಯಿಂದ ಖರ್ಚು ಮಾಡಿ ದುಡಿಯುವ ಅಮೆಚೂರ್ ಇಡೀ ವ್ಯವಸ್ಥೆಯಲ್ಲಿ ಒಬ್ಬನೇ. ಅವನ ದುಡಿಮೆಯನ್ನು ಕಡೆಗಣಿಸುವಂತಿಲ್ಲ. ಎದುರಾಳಿ ಫ್ರೀ ಥ್ರೋ, ಅಂದರೆ ಯಾರೂ ಅಡ್ಡಬರದ ಎಸೆತ, ಎಸೆಯುವಾಗ ಗಾಜಿನ ಹಲಗೆಯ ಹಿಂದೆ ಕೈಕಾಲು ಬಡಿದು ಅವನ ಚಿತ್ತ ಕೆಡಿಸುವುದು ಅಭಿಮಾನಿಯ ಧರ್ಮ. ಅರಿಜೋನಾ ಸ್ಟೇಟ್ ವಿದ್ಯಾರ್ಥಿಗಳು ಇದಕ್ಕೆಂದೇ ಒಂದು ಪರದೆ ಕಟ್ಟಿದ್ದಾರೆ. ಎಸೆಯುವ ಕ್ಷಣಕ್ಕೆ ಪರದೆ ಸರಿದು ಯಾವುದೋ ವಿಚಿತ್ರ ವೇಷ ಹೊರಬೀಳುತ್ತದೆ. 2016ರ ಜನವರಿಯಲ್ಲಿ ಹಾಗೆ ಹೊರಬಿದ್ದವರು ಮೈಕೆಲ್ ಫೆಲ್ಪ್ಸ್. ಈಜುಚಡ್ಡಿ, ಕೊರಳಲ್ಲಿ ಒಲಿಂಪಿಕ್ ಪದಕಗಳು. ಪಾಪ, ಎಸೆಯುತ್ತಿದ್ದ ಹುಡುಗನ ಎರಡೂ ಎಸೆತ ಗುರಿ ತಪ್ಪಿದವು. ತಪ್ಪದಿದ್ದರೇ ಅವನನ್ನು ವೈದ್ಯರಿಗೆ ತೋರಿಸಬೇಕಿತ್ತು.

ಡರ್ಹಮ್‌ನ ಸುತ್ತಮುತ್ತ, ಅದರಲ್ಲೂ ಕ್ಯಾರಿ ಊರಿನಲ್ಲಿ, ನಮ್ಮವರು ಬೇಕಾದಷ್ಟಿದ್ದಾರೆ. ಹಾಸನ ಕಡೆಯ ನನ್ನ ಗೆಳೆಯರೊಬ್ಬರು ಅಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದುಕೊಂಡು ಡ್ಯೂಕ್ ವ್ರತ ಹಿಡಿದಿದ್ದಾರೆ. ಡ್ಯೂಕ್‌ನಲ್ಲಿ ಓದಿದವರಲ್ಲ. ಓದಿದ ಕಾಲೇಜಿನಲ್ಲಿ ಬಾಸ್ಕೆಟ್‌ಬಾಲ್ ತಂಡ ಇತ್ತೇ ಎಂದು ಕೇಳಿದರೆ, ಇದ್ದಿರಬಹುದು ಎನ್ನುತ್ತಾರೆ. ಶಶೆವ್‌ಸ್ಕಿಯವರ ಕೊನೆಯ ತವರು ಪಂದ್ಯದಲ್ಲಿ, ಅಂದರೆ 2022ರ ಮಾರ್ಚ್ 5ರಂದು, ಹಳೆಯ ಶಿಷ್ಯರೆಲ್ಲ ನೆರೆದಿರುವಾಗಲೇ ಚಾಪೆಲ್ ಹಿಲ್‌ನವರು 94–81ರಿಂದ ಮಂಗಳ ಹಾಡಿದ ದಿನ ಅವರ ಮನೆಯಲ್ಲಿ ಒಲೆ ಹೊತ್ತಲಿಲ್ಲವಂತೆ. ಕಳೆದ ಚಳಿಗಾಲ ಊರಿನಿಂದ ಬಂದಿದ್ದ ಅವರ ತಾಯಿ ಟಿವಿಯ ಮುಂದೆ ಕುಳಿತು ಬಹಳ ಹೊತ್ತು ಸುಮ್ಮನೆ ನೋಡಿ, “ಈ ಗಡ್ಡದ ಹುಡುಗ ಹೋದ ಸಲ ನಾನು ಬಂದಾಗ ಆ ಕಡೆಯವರ ಜೊತೆ ಆಡುತ್ತಿದ್ದನಲ್ಲವೇನೋ? ಅವತ್ತು ನೀನು ಅವನನ್ನು ಬಾಯಿಗೆ ಬಂದ ಹಾಗೆ ಬೈದಿದ್ದೆ” ಎಂದರು.

“ಈಗ ನಮ್ಮವನಮ್ಮಾ.”

“ಬೈದದ್ದನ್ನು ವಾಪಸ್ ತೆಗೆದುಕೊಂಡೆಯಾ?”

ಇದನ್ನು ಕೇಳಿದ ಮೇಲೆ ನನಗೊಂದು ಯೋಜನೆ ಹೊಳೆಯಿತು. ಅಭಿಮಾನಿಗೂ ಒಂದು ವರ್ಗಾವಣೆ ಪೋರ್ಟಲ್ ತೆರೆಯಬೇಕು. ತಂಡ ಸತತವಾಗಿ ಸೋತರೆ ಅವನು ಹೆಸರು ನೋಂದಾಯಿಸಲಿ. ಬೇರೆ ವಿಶ್ವವಿದ್ಯಾಲಯಗಳು ಬಂದು ಅವನ ಗಂಟಲಿನ ಶಕ್ತಿ ಪರೀಕ್ಷಿಸಲಿ, ಎಷ್ಟು ರಾತ್ರಿ ಟೆಂಟಿನಲ್ಲಿ ಕಳೆದಿದ್ದಾನೆ ಎಂದು ದಾಖಲೆ ನೋಡಲಿ, ಕೂರುವುದಕ್ಕೊಂದು ಕುರ್ಚಿ, ಬೆಚ್ಚಗಿನ ಕಾಫಿ, ವರ್ಷಕ್ಕಿಷ್ಟು ಎಂದು ಗೌರವಧನ ಮುಂದಿಟ್ಟು ಕರೆಯಲಿ. ಹಳೆಯ ಟಿ-ಶರ್ಟುಗಳನ್ನು ಅರ್ಧ ಬೆಲೆಗೆ ವಾಪಸ್ ಪಡೆಯುವ ಹೊಣೆ ಲೀಗಿನದು.

ಫೋನಿನಲ್ಲಿ ಇದನ್ನು ವಿವರಿಸುತ್ತಿದ್ದಂತೆ ಗೆಳೆಯರು ಕೆಂಡಾಮಂಡಲವಾದರು. ನಿಷ್ಠೆಗೆ ಬೆಲೆ ಕಟ್ಟುತ್ತೀರಾ, ನಿಮಗೆ ಕ್ರೀಡೆಯ ಗಂಧಗಾಳಿಯೂ ಗೊತ್ತಿಲ್ಲ ಎಂದು ಗದರಿದರು. ವೀಡಿಯೋ ಕರೆಯಾದ್ದರಿಂದ ಅವರ ಬೆನ್ನ ಹಿಂದೆ ಗೋಡೆಗೆ ತೂಗುಹಾಕಿದ್ದ ಜೆರ್ಸಿ ಕಾಣುತ್ತಿತ್ತು. ಅದರ ಮೇಲೆ ಹೆಸರಿದ್ದ ಹುಡುಗ ಈಗ ಬೇರೆಲ್ಲೋ ಆಡುತ್ತಿದ್ದಾನೆ. ಆ ವಿಷಯ ಎತ್ತೋಣವೆಂದರೆ ಅವರಿಗೆ ಪುರುಸೊತ್ತಿರಲಿಲ್ಲ. ಹೊಸ ತಂಡದ ಪಟ್ಟಿ ಬಂದಿದೆ, ಹೆಸರುಗಳನ್ನು ಬಾಯಿಪಾಠ ಮಾಡಬೇಕು, ಯೂರೋಪಿನಿಂದ ಬಂದ ಉದ್ದನೆಯ ಹುಡುಗನ ಹೆಸರಂತೂ ನಾಲಗೆಗೆ ಹತ್ತುತ್ತಲೇ ಇಲ್ಲ ಎಂದು ಹೇಳಿ ಫೋನ್ ಇಟ್ಟರು.