ಜುಟ್ಟು ಯಾರ ಕೈಯಲ್ಲಿದೆ?

ಹೊಸ ಸಾಫ್ಟ್‌ವೇರ್ ಕೊಳ್ಳುವಾಗ ಎಲ್ಲ ಕಂಪನಿಗಳಲ್ಲೂ ಒಂದೇ ತರಹದ ಮೀಟಿಂಗ್ ನಡೆಯುತ್ತದೆ. ಡೆಮೊ ಹೇಗಿತ್ತು, ಬೆಲೆ ಎಷ್ಟು ಇಳಿಸಿದರು, ಸಪೋರ್ಟ್‌ನವರು ಫೋನ್ ಎತ್ತುತ್ತಾರಾ, ಬೇರೆ ಯಾರ್ಯಾರು ಬಳಸುತ್ತಿದ್ದಾರೆ. ಬಿಟ್ಟು ಬರುವುದು ಹೇಗೆ ಅಂತ ಮಾತ್ರ ಯಾರೂ ಕೇಳುವುದಿಲ್ಲ. ಕೇಳಿದರೆ ಅಪಶಕುನ ನುಡಿದವರನ್ನು ನೋಡುವ ಹಾಗೆ ನೋಡುತ್ತಾರೆ.

ನನ್ನ ಪ್ರಕಾರ ಮೊದಲು ಕೇಳಬೇಕಾದದ್ದೇ ಅದು. ವೆಂಡರ್, ಅಂದರೆ ಸಾಫ್ಟ್‌ವೇರ್ ಮಾರುವವರು, ಒಳ್ಳೆಯವರಾ ಅನ್ನುವುದು ಆಮೇಲಿನ ಮಾತು. ಇವತ್ತು ಒಳ್ಳೆಯವರೇ ಇರಬಹುದು. ನಾಳೆ ಅವರ ಕಂಪನಿಯನ್ನು ಇನ್ನೊಬ್ಬರು ಕೊಂಡುಕೊಂಡರೆ? ಸಹಿ ಹಾಕುವಾಗ ಎದುರಿಗೆ ಕೂತಿದ್ದವರು ಒಬ್ಬರು, ಬಿಲ್ ಕಳಿಸುವವರು ಇನ್ನೊಬ್ಬರು.

ಇದು ಸುಮ್ನೆ ಊಹೆಯಲ್ಲ. ವಿಎಂವೇರ್ ಕಥೆ ನೋಡಿ. ಒಂದೇ ಸರ್ವರ್ ಮೇಲೆ ಹತ್ತಾರು ವರ್ಚುವಲ್ ಮಷಿನ್‌ಗಳನ್ನು, ಅಂದರೆ ಕಂಪ್ಯೂಟರ್ ಒಳಗಿನ ಕಂಪ್ಯೂಟರ್‌ಗಳನ್ನು, ಓಡಿಸುವ ಸಾಫ್ಟ್‌ವೇರ್ ಅದು. ಜಗತ್ತಿನ ದೊಡ್ಡ ದೊಡ್ಡ ಕಂಪನಿಗಳ ಡೇಟಾ ಸೆಂಟರ್‌ಗಳು ಅದರ ಮೇಲೆ ನಿಂತಿದ್ದವು. ಅನೇಕರು ಒಂದೇ ಸಲ ದುಡ್ಡು ಕೊಟ್ಟು ಶಾಶ್ವತ ಲೈಸೆನ್ಸ್ ತಗೊಂಡಿದ್ದರು. ವರ್ಷಕ್ಕಿಷ್ಟು ಅಂತ ಸಪೋರ್ಟ್ ಶುಲ್ಕ ಕಟ್ಟಿಕೊಂಡು ನೆಮ್ಮದಿಯಾಗಿದ್ದರು. 2023ರ ನವೆಂಬರ್‌ನಲ್ಲಿ ಚಿಪ್ ತಯಾರಿಸುವ ಬ್ರಾಡ್‌ಕಾಮ್ ಆ ಕಂಪನಿಯನ್ನು ಸುಮಾರು 6,900 ಕೋಟಿ ಡಾಲರ್‌ಗೆ ಕೊಂಡಿತು. ಮುಂದಿನ ತಿಂಗಳೇ ಶಾಶ್ವತ ಲೈಸೆನ್ಸ್ ಮಾರಾಟ ಬಂದ್. ಇನ್ನು ಮುಂದೆ ಸಬ್‌ಸ್ಕ್ರಿಪ್ಷನ್ ಮಾತ್ರ. ಬಿಡಿಬಿಡಿಯಾಗಿ ಸಿಗುತ್ತಿದ್ದ ಸಾಫ್ಟ್‌ವೇರ್‌ಗಳನ್ನು ಕೆಲವೇ ಕಟ್ಟುಗಳಾಗಿ ಕಟ್ಟಿದರು. ಬೇಕಿರಲಿ, ಬೇಡದಿರಲಿ, ಇಡೀ ಕಟ್ಟನ್ನೇ ಕೊಳ್ಳಬೇಕು.

ಎಟಿ ಅಂಡ್ ಟಿಯಂಥ ದೈತ್ಯ ಟೆಲಿಕಾಂ ಕಂಪನಿಯೇ 2024ರಲ್ಲಿ ಕೋರ್ಟ್ ಮೆಟ್ಟಿಲು ಹತ್ತಿತು. ಅವರ ಹತ್ತಿರ ವಿಎಂವೇರ್ ಮೇಲೆ ಓಡುವ ಸುಮಾರು 75,000 ವರ್ಚುವಲ್ ಮಷಿನ್‌ಗಳಿದ್ದವು. ಹಳೇ ಕಾಂಟ್ರಾಕ್ಟ್ ಪ್ರಕಾರ ಸಪೋರ್ಟ್ ಮುಂದುವರಿಸಿ ಅನ್ನುವುದು ಅವರ ವಾದ. ಕೊನೆಗೆ ಎರಡೂ ಕಡೆಯವರು ರಾಜಿ ಮಾಡಿಕೊಂಡರು. ಅಷ್ಟು ದೊಡ್ಡ ವಕೀಲರ ಪಡೆ ಇದ್ದವರಿಗೇ ಈ ಪಾಡು. ಅಷ್ಟು ಮಷಿನ್‌ಗಳನ್ನು ರಾತ್ರೋರಾತ್ರಿ ಬೇರೆ ಕಡೆ ಸಾಗಿಸುವುದು ಆಗದ ಮಾತು ಅಂತ ಎರಡೂ ಕಡೆಯವರಿಗೆ ಗೊತ್ತಿತ್ತು. ಬೆಲೆ ನಿರ್ಧಾರವಾಗುವುದೇ ಅಲ್ಲಿ. ಸಾಫ್ಟ್‌ವೇರ್ ಎಷ್ಟು ಒಳ್ಳೆಯದು ಅನ್ನುವುದಕ್ಕಿಂತ, ಅದನ್ನು ಬಿಡುವುದು ನಿಮಗೆ ಎಷ್ಟು ಕಷ್ಟ ಅನ್ನುವುದೇ ರಿನ್ಯೂವಲ್ ಬೆಲೆಯನ್ನು ತೀರ್ಮಾನಿಸುತ್ತದೆ.

ಲೆಕ್ಕ ಹಾಕುವ ವಿಧಾನವನ್ನೇ ಬದಲಿಸುವುದು ಇನ್ನೊಂದು ದಾರಿ. ಡೇಟಾಬೇಸ್‌ಗೆ ಹೆಸರಾದ ಒರಾಕಲ್ 2023ರ ಜನವರಿಯಲ್ಲಿ ಜಾವಾ (ಪ್ರೋಗ್ರಾಂ ಬರೆಯುವ ಒಂದು ಭಾಷೆ) ಸಬ್‌ಸ್ಕ್ರಿಪ್ಷನ್‌ಗೆ ಹೊಸ ಲೆಕ್ಕ ತಂದಿತು. ಜಾವಾ ಎಷ್ಟು ಜನ ಬಳಸುತ್ತಾರೆ ಅಂತಲ್ಲ, ಕಂಪನಿಯಲ್ಲಿ ಒಟ್ಟು ಎಷ್ಟು ಜನ ಕೆಲಸ ಮಾಡುತ್ತಾರೆ ಅಂತ. ಜಾವಾ ಅಂದರೇನು ಅಂತಲೇ ಗೊತ್ತಿಲ್ಲದ ಸೆಕ್ಯುರಿಟಿ ಸಿಬ್ಬಂದಿಯೂ ಲೆಕ್ಕಕ್ಕೆ ಬಂದರು. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ, ಗೇಮ್ ಕಟ್ಟುವ ಸಾಫ್ಟ್‌ವೇರ್ ಮಾರುವ ಯೂನಿಟಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಅದರ ಮೇಲೆ ಕಟ್ಟಿದ ಗೇಮ್ ಒಂದು ಮಿತಿ ದಾಟಿದ ಮೇಲೆ, ಪ್ರತಿ ಇನ್‌ಸ್ಟಾಲ್‌ಗೂ ಶುಲ್ಕ ಅಂತ ಘೋಷಿಸಿತು. ವರ್ಷಗಟ್ಟಲೆ ಕೂತು ಗೇಮ್ ಮಾಡಿದ ಸಣ್ಣ ತಂಡಗಳು ರೊಚ್ಚಿಗೆದ್ದವು. ಗಲಾಟೆ ಎಷ್ಟಾಯಿತೆಂದರೆ ಮುಂದಿನ ತಿಂಗಳೇ ಸಿಇಒ ಕುರ್ಚಿ ಬಿಟ್ಟರು. ಒಂದು ವರ್ಷದ ಮೇಲೆ ಶುಲ್ಕವನ್ನೂ ಪೂರ್ತಿ ಕೈಬಿಟ್ಟರು. ಗಲಾಟೆ ಮಾಡಿ ಗೆಲ್ಲುವುದು ಇಂಥ ಅಪರೂಪದ ಸಂದರ್ಭದಲ್ಲಿ ಮಾತ್ರ.

ಒರಾಕಲ್ ಅಂದಾಗ ಅಮೆಜಾನ್ ನೆನಪಾಗುತ್ತದೆ. ತಾನೇ ಜಗತ್ತಿಗೆಲ್ಲ ಡೇಟಾಬೇಸ್ ಬಾಡಿಗೆಗೆ ಕೊಡುವ ಕಂಪನಿ. ಅದರ ಮಾರಾಟ ವಿಭಾಗದ ಡೇಟಾ ಮಾತ್ರ ಒರಾಕಲ್ ಮೇಲೇ ಇತ್ತು. 2019ರ ಅಕ್ಟೋಬರ್‌ನಲ್ಲಿ ಅದನ್ನು ಪೂರ್ತಿ ಬಿಟ್ಟೆವು ಅಂತ ಹೇಳಿಕೊಂಡರು. ಸುಮಾರು 7,500 ಡೇಟಾಬೇಸ್‌ಗಳು, 75 ಪೆಟಾಬೈಟ್ (ಒಂದು ಪೆಟಾಬೈಟ್ ಅಂದರೆ ಹತ್ತು ಲಕ್ಷ ಜಿಬಿ) ಡೇಟಾ, ನೂರಕ್ಕೂ ಹೆಚ್ಚು ತಂಡಗಳ ವರ್ಷಗಳ ಕೆಲಸ. ದುಡ್ಡು, ಎಂಜಿನಿಯರ್‌ಗಳು, ಸ್ವಂತ ಡೇಟಾಬೇಸ್ ಎಲ್ಲ ಇದ್ದವರಿಗೇ ಇಷ್ಟು ಕಾಲ ಹಿಡಿಯಿತು. "ಬೇಡ ಅನ್ನಿಸಿದರೆ ಬದಲಾಯಿಸಿದರಾಯ್ತು ಬಿಡಿ" ಅನ್ನುವವರಿಗೆ ನಾನು ಇದನ್ನೇ ಹೇಳುವುದು.

ಇನ್ನು ದುಡ್ಡಿನ ಮಾತು ಬಿಡಿ. ವೆಂಡರ್ ಪ್ರಾಮಾಣಿಕರೇ, ಬೆಲೆಯೂ ನ್ಯಾಯವಾಗಿದೆ ಅಂತಲೇ ಇಟ್ಟುಕೊಳ್ಳೋಣ. ಅವರ ಕೈಯಲ್ಲಿ ಒಂದು ತಪ್ಪಾದರೆ?

2024ರ ಜುಲೈ 19ರಂದು ಕಂಪ್ಯೂಟರ್ ಭದ್ರತೆಯ ಸಾಫ್ಟ್‌ವೇರ್ ಮಾರುವ ಕ್ರೌಡ್‌ಸ್ಟ್ರೈಕ್ ಕಳಿಸಿದ ಒಂದು ಅಪ್‌ಡೇಟ್ ಫೈಲ್‌ನಲ್ಲಿ ದೋಷವಿತ್ತು. ಮೈಕ್ರೋಸಾಫ್ಟ್ ಅಂದಾಜಿನ ಪ್ರಕಾರ ಸುಮಾರು 85 ಲಕ್ಷ ವಿಂಡೋಸ್ ಕಂಪ್ಯೂಟರ್‌ಗಳು ನೀಲಿ ಪರದೆ ತೋರಿಸಿ ಕೂತವು. ಜಗತ್ತಿನ ಎಲ್ಲ ವಿಂಡೋಸ್ ಯಂತ್ರಗಳಿಗೆ ಹೋಲಿಸಿದರೆ ಅದು ಶೇಕಡಾ ಒಂದಕ್ಕಿಂತ ಕಡಿಮೆ. ಆದರೆ ಆ ಒಂದರಲ್ಲೇ ವಿಮಾನ ನಿಲ್ದಾಣ, ಆಸ್ಪತ್ರೆ, ಬ್ಯಾಂಕ್ ಎಲ್ಲ ಸೇರಿದ್ದವು. ಅಪ್‌ಡೇಟನ್ನು ಕಂಪನಿ ಒಂದೂವರೆ ಗಂಟೆಯೊಳಗೆ ಹಿಂತೆಗೆದುಕೊಂಡಿತು. ಅಷ್ಟರಲ್ಲಿ ಬಿದ್ದ ಯಂತ್ರಗಳು ತಾವಾಗಿಯೇ ಏಳಲಿಲ್ಲ. ಎಷ್ಟೋ ಕಡೆ ಒಬ್ಬೊಬ್ಬರು ಹೋಗಿ, ಒಂದೊಂದೇ ಕಂಪ್ಯೂಟರನ್ನು ಸೇಫ್ ಮೋಡ್‌ನಲ್ಲಿ ತೆರೆದು, ಆ ಫೈಲನ್ನು ಅಳಿಸಬೇಕಾಯಿತು. ಡೆಲ್ಟಾ ವಿಮಾನ ಕಂಪನಿ ಐದು ದಿನಗಳಲ್ಲಿ ಸುಮಾರು 7,000 ವಿಮಾನಗಳನ್ನು ರದ್ದು ಮಾಡಿತು.

ಅದಕ್ಕೆ ಒಂದು ತಿಂಗಳ ಮೊದಲಷ್ಟೇ ಅಮೆರಿಕದಲ್ಲಿ ಸಿಡಿಕೆ ಗ್ಲೋಬಲ್ ಮೇಲೆ ಸೈಬರ್ ದಾಳಿ ಆಗಿತ್ತು. ಹೆಚ್ಚು ಜನ ಈ ಹೆಸರು ಕೇಳಿರಲಿಕ್ಕಿಲ್ಲ. ಉತ್ತರ ಅಮೆರಿಕದ ಸುಮಾರು 15,000 ಕಾರು ಡೀಲರ್‌ಗಳು ಮಾರಾಟ, ಸಾಲದ ಕಾಗದಪತ್ರ, ಸರ್ವಿಸ್, ಬಿಡಿಭಾಗ ಎಲ್ಲಕ್ಕೂ ಇದೊಂದೇ ಸಾಫ್ಟ್‌ವೇರ್ ನಂಬಿದ್ದರು. ಅದು ನಿಂತಾಗ ಶೋರೂಂಗಳಲ್ಲಿ ಪೆನ್ನು ಪೇಪರ್ ಹೊರಬಂತು. ಕಾರು ಕಣ್ಣೆದುರಿಗೇ ನಿಂತಿದೆ, ಕೊಳ್ಳುವವರೂ ಬಂದಿದ್ದಾರೆ, ಆದರೆ ಕಾಗದಪತ್ರ ಮುಗಿಸಲು ಆಗುತ್ತಿಲ್ಲ. ಹೆಚ್ಚೂಕಡಿಮೆ ಎರಡು ವಾರ ಹೀಗೇ ನಡೆಯಿತು. ಇಲ್ಲಿ ಒಬ್ಬ ಡೀಲರ್‌ದೂ ತಪ್ಪಿಲ್ಲ ಅನ್ನುವುದನ್ನು ಗಮನಿಸಿ. ಅವರ ಮೇಲೆ ಯಾರೂ ದಾಳಿ ಮಾಡಲಿಲ್ಲ. ಆದರೂ ವ್ಯಾಪಾರ ನಿಂತಿತು.

ನನಗೆ ಎಲ್ಲಕ್ಕಿಂತ ಹೆಚ್ಚು ಪಾಠ ಕಲಿಸಿದ್ದು ಯೂನಿಸೂಪರ್ ಪ್ರಕರಣ. ಅದು ಆಸ್ಟ್ರೇಲಿಯಾದ ಪಿಂಚಣಿ ನಿಧಿ. ಆರು ಲಕ್ಷಕ್ಕೂ ಹೆಚ್ಚು ಸದಸ್ಯರ ನಿವೃತ್ತಿಯ ದುಡ್ಡು ಅಲ್ಲಿದೆ. 2024ರ ಮೇ ತಿಂಗಳಲ್ಲಿ ಅವರ ಒಂದು ಗೂಗಲ್ ಪ್ರೈವೇಟ್ ಕ್ಲೌಡ್, ಅಂದರೆ ಅವರಿಗಾಗಿಯೇ ಗೂಗಲ್ ಬಾಡಿಗೆಗೆ ಕೊಟ್ಟಿದ್ದ ಸರ್ವರ್ ವ್ಯವಸ್ಥೆ, ಅಳಿಸಿಹೋಯಿತು. ಯಾರೂ ಹ್ಯಾಕ್ ಮಾಡಿರಲಿಲ್ಲ. ಒಂದು ವರ್ಷದ ಹಿಂದೆ ಅದನ್ನು ಸಿದ್ಧಪಡಿಸುವಾಗ ಗೂಗಲ್ ಸಿಬ್ಬಂದಿ ಒಳಗಿನ ಒಂದು ಟೂಲ್‌ನಲ್ಲಿ ಒಂದು ಜಾಗ ಖಾಲಿ ಬಿಟ್ಟಿದ್ದರು. ಖಾಲಿ ಇದ್ದರೆ ಒಂದು ವರ್ಷದ ಅವಧಿ ಅಂತ ಆ ಟೂಲ್ ತಾನೇ ತಿಳಿದುಕೊಂಡಿತು. ವರ್ಷ ಮುಗಿಯಿತು, ತಾನಾಗಿ ಅಳಿಸಿತು. ಗಿರಾಕಿಗೆ ಒಂದು ಎಚ್ಚರಿಕೆಯ ಸಂದೇಶವೂ ಹೋಗಲಿಲ್ಲ. ಎರಡು ಬೇರೆ ಬೇರೆ ಸ್ಥಳಗಳಲ್ಲಿ ಪ್ರತಿ ಇಟ್ಟಿದ್ದೇವೆ, ಒಂದು ಹೋದರೂ ಇನ್ನೊಂದಿದೆ ಅಂತ ಯೂನಿಸೂಪರ್‌ನವರು ಅಂದುಕೊಂಡಿದ್ದರು. ಎರಡಕ್ಕೂ ಸಬ್‌ಸ್ಕ್ರಿಪ್ಷನ್ ಒಂದೇ ಆಗಿತ್ತು. ಎರಡೂ ಹೋದವು.

ಅವರ ಪುಣ್ಯಕ್ಕೆ ಇನ್ನೊಂದು ಕಂಪನಿಯ ಬಳಿಯೂ ಬ್ಯಾಕಪ್ ಇತ್ತು. ಪುಣ್ಯ ಅಂದದ್ದು ತಪ್ಪು, ಅಲ್ಲಿ ಯಾರೋ ಮೊದಲೇ ಯೋಚಿಸಿದ್ದರು. ಯಾವುದೋ ಬಜೆಟ್ ಮೀಟಿಂಗ್‌ನಲ್ಲಿ "ಗೂಗಲ್ ಇದೆಯಲ್ಲ, ಇನ್ನೊಂದು ಯಾಕೆ, ದಂಡ ಖರ್ಚು" ಅಂತ ಒಬ್ಬರಾದರೂ ಹೇಳಿಯೇ ಇರುತ್ತಾರೆ ಅಂತ ನನ್ನ ಗುಮಾನಿ. ಆ ದಂಡ ಖರ್ಚೇ ನೆರವಿಗೆ ಬಂತು. ಬ್ಯಾಕಪ್ ಇದ್ದೂ ಸದಸ್ಯರು ತಮ್ಮ ಖಾತೆ ನೋಡಲು ಸುಮಾರು ಒಂದು ವಾರ ಕಾಯಬೇಕಾಯಿತು.

ಮೂರನೆಯ ಅಪಾಯದ ಬಗ್ಗೆ ಮೊದಲೆಲ್ಲ ಯಾರೂ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಅದು ರಾಜಕೀಯ. 2025ರ ಜುಲೈನಲ್ಲಿ ಐರೋಪ್ಯ ಒಕ್ಕೂಟ ಭಾರತದ ಎಣ್ಣೆ ಕಂಪನಿ ನಯಾರಾ ಎನರ್ಜಿ ಮೇಲೆ ನಿರ್ಬಂಧ ಹೇರಿತು. ರಷ್ಯಾದ ಎಣ್ಣೆ ಕಂಪನಿ ರೋಸ್‌ನೆಫ್ಟ್ ಅದರಲ್ಲಿ ಪಾಲುದಾರ ಅನ್ನುವುದು ಕಾರಣ. ಕೆಲವೇ ದಿನಗಳಲ್ಲಿ ನಯಾರಾಕ್ಕೆ ಮೈಕ್ರೋಸಾಫ್ಟ್ ಸೇವೆಗಳು ನಿಂತವು. ಪೂರ್ತಿ ದುಡ್ಡು ಕಟ್ಟಿದ ಲೈಸೆನ್ಸ್ ನಮ್ಮದು, ನಮ್ಮದೇ ಡೇಟಾ ನಮಗೆ ಸಿಗುತ್ತಿಲ್ಲ ಅಂತ ಕಂಪನಿ ದೆಹಲಿ ಹೈಕೋರ್ಟ್‌ಗೆ ಹೋಯಿತು. ಆಮೇಲೆ ಸೇವೆ ಮರಳಿತು. ನಿರ್ಬಂಧ ಸರಿಯೋ ತಪ್ಪೋ, ಅದು ಬೇರೆ ಚರ್ಚೆ. ಭಾರತದಲ್ಲಿ ನಡೆಯುವ ಎಣ್ಣೆ ಶುದ್ಧೀಕರಣ ಕಂಪನಿಯ ಇಮೇಲ್ ತೆರೆಯಬೇಕಾ ಬೇಡವಾ ಅನ್ನುವುದು ಯಾವುದೋ ದೂರದ ಊರಿನಲ್ಲಿ ತೀರ್ಮಾನವಾಯಿತು. ಜುಟ್ಟು ಇನ್ನೊಬ್ಬರ ಕೈಗೆ ಕೊಟ್ಟರೆ ಹೀಗೆಯೇ.

ಹಾಗಾದರೆ ಈ ಜುಟ್ಟು ಹೋಗುವುದು ಯಾವಾಗ? ಕಾಂಟ್ರಾಕ್ಟ್‌ಗೆ ಸಹಿ ಹಾಕಿದ ದಿನ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ಆ ದಿನ ನೀವಿನ್ನೂ ಸ್ವತಂತ್ರರು. ಅದು ನಿಧಾನಕ್ಕೆ, ಒಳ್ಳೆಯ ಕೆಲಸದ ವೇಷದಲ್ಲೇ ಹೋಗುತ್ತದೆ. ಮ್ಯಾನೇಜರ್ ಕೇಳಿದರು ಅಂತ ಒಂದು ರಿಪೋರ್ಟ್ ಬರೆಸುತ್ತೀರಿ. ಅನುಮೋದನೆ ಬೇಗ ಆಗಲಿ ಅಂತ ಅದರಲ್ಲೇ ಒಂದು ವರ್ಕ್‌ಫ್ಲೋ. ಸಂಬಳದ ಲೆಕ್ಕ ಬೇರೆ ಕಡೆ ಇತ್ತು, ಅದನ್ನೂ ಜೋಡಿಸುತ್ತೀರಿ. ಎರಡು ವರ್ಷದಲ್ಲಿ ಇಂಥವು ನೂರಾಗುತ್ತವೆ. ಯಾವ ಗಿರಾಕಿಗೆ ಎಷ್ಟು ರಿಯಾಯಿತಿ, ಯಾವ ಆರ್ಡರ್‌ಗೆ ಯಾರ ಒಪ್ಪಿಗೆ ಬೇಕು ಅನ್ನುವ ವ್ಯಾಪಾರದ ಬುದ್ಧಿಯೆಲ್ಲ ಅವರ ಸ್ಕ್ರೀನ್‌ಗಳೊಳಗೆ ಸೇರಿಕೊಳ್ಳುತ್ತದೆ. ಬೇರೆಲ್ಲೂ ಬರೆದಿಟ್ಟಿರುವುದಿಲ್ಲ. ಅದನ್ನೆಲ್ಲ ಬಲ್ಲ ಒಬ್ಬ ನೌಕರರು ಇರುತ್ತಾರೆ. ಅವರು ಕೆಲಸ ಬಿಟ್ಟ ದಿನ ಗೊತ್ತಾಗುತ್ತದೆ, ಅವಲಂಬನೆ ಇದ್ದದ್ದು ಒಂದು ಕಂಪನಿಯ ಮೇಲಷ್ಟೇ ಅಲ್ಲ ಅಂತ.

ಡೇಟಾ ಎಕ್ಸ್‌ಪೋರ್ಟ್ ಮಾಡಬಹುದಲ್ಲ ಅಂತ ವೆಂಡರ್‌ನವರು ಹೇಳುತ್ತಾರೆ. ಹೌದು, ಬಟನ್ ಇರುತ್ತದೆ. ಒತ್ತಿ ನೋಡಿದ್ದೀರಾ? ಸಾಲುಸಾಲು ಕೋಷ್ಟಕ ಬರುತ್ತದೆ. ಇನ್‌ವಾಯ್ಸ್ ಬರುತ್ತದೆ, ಅದಕ್ಕೆ ಲಗತ್ತಿಸಿದ್ದ ಕಾಗದಗಳು ಬರುವುದಿಲ್ಲ. ಹೆಸರು ಬರುತ್ತದೆ, ಯಾರು ಯಾವಾಗ ಏನು ಬದಲಿಸಿದರು ಅನ್ನುವ ಇತಿಹಾಸ ಬರುವುದಿಲ್ಲ. ಆಡಿಟ್‌ನವರು ಕೇಳುವುದು ಅದನ್ನೇ ಅಲ್ವಾ?

ಕೆಲವೊಮ್ಮೆ ಡೇಟಾ ಹೊರಗೆ ಒಯ್ಯುವುದಿರಲಿ, ಇನ್ನೊಂದು ಸಾಫ್ಟ್‌ವೇರ್ ಅದನ್ನು ಮುಟ್ಟಿದರೂ ದುಡ್ಡು. ಮದ್ಯ ತಯಾರಿಸುವ ಡಿಯಾಜಿಯೊ ಕಂಪನಿ ತನ್ನ ಮಾರಾಟ ಸಿಬ್ಬಂದಿಗೂ ಗಿರಾಕಿಗಳಿಗೂ ಸೇಲ್ಸ್‌ಫೋರ್ಸ್ ಅನ್ನುವ ಇನ್ನೊಂದು ಕಂಪನಿಯ ಸಾಫ್ಟ್‌ವೇರ್ ಮೇಲೆ ಆಪ್‌ಗಳನ್ನು ಕಟ್ಟಿ, ಒಳಗೆ ಲೆಕ್ಕ, ಆರ್ಡರ್ ನೋಡಿಕೊಳ್ಳುವ ಎಸ್‌ಎಪಿ ಸಾಫ್ಟ್‌ವೇರ್‌ಗೆ ಜೋಡಿಸಿತ್ತು. ಹಾಗೆ ಬಳಸುವವರಿಗೂ ಲೈಸೆನ್ಸ್ ಬೇಕು ಅಂತ ಎಸ್‌ಎಪಿ 5 ಕೋಟಿ 40 ಲಕ್ಷ ಪೌಂಡ್‌ಗೂ ಹೆಚ್ಚು ಕೇಳಿತು. 2017ರಲ್ಲಿ ಇಂಗ್ಲೆಂಡಿನ ಹೈಕೋರ್ಟ್, ಶುಲ್ಕ ಕೊಡಬೇಕಾದದ್ದು ಹೌದು ಅಂತ ಎಸ್‌ಎಪಿ ಪರ ಹೇಳಿತು. ಕಾಂಟ್ರಾಕ್ಟ್‌ನಲ್ಲಿ "ಬಳಕೆ" ಅಂದರೆ ಏನು ಅಂತ ಓದದೆ ಸಹಿ ಹಾಕುವವರು ಈ ತೀರ್ಪನ್ನೊಮ್ಮೆ ಓದಬೇಕು.

ಇಷ್ಟೆಲ್ಲ ಹೇಳಿದ ಮೇಲೆ, ಎಲ್ಲವನ್ನೂ ಇಬ್ಬಿಬ್ಬರು ವೆಂಡರ್‌ಗಳಿಂದ ಕೊಳ್ಳಿ ಅಂತ ಹೇಳುತ್ತೇನೆ ಅಂದುಕೊಳ್ಳಬೇಡಿ. ಅದು ನನ್ನ ಮಟ್ಟಿಗೆ ಇನ್ನೊಂದು ದಡ್ಡತನ. ಎರಡು ಕ್ಲೌಡ್‌ನಲ್ಲಿ ಒಂದೇ ಕೆಲಸ ಓಡಿಸುವುದು ಫ್ಯಾಷನ್ ಆಗಿದೆ. ಬಿಲ್ ಎರಡಾಗುತ್ತದೆ, ಎರಡನ್ನೂ ಬಲ್ಲ ಜನ ಸಿಗುವುದಿಲ್ಲ. ಕೆಟ್ಟಾಗ ಇವರು ಅವರನ್ನು ತೋರಿಸುತ್ತಾರೆ, ಅವರು ಇವರನ್ನು. ಒಬ್ಬರೇ ಇದ್ದರೆ ಬೈಯಲಾದರೂ ಒಬ್ಬರು ಸಿಗುತ್ತಾರೆ. ಒಬ್ಬರ ಹತ್ತಿರವೇ ಕೊಳ್ಳುವುದರಲ್ಲಿ ನಿಜವಾದ ಲಾಭವಿದೆ. ಅದನ್ನು ಅಲ್ಲಗಳೆಯುವುದು ಪ್ರಾಮಾಣಿಕವಲ್ಲ.

ಓಪನ್ ಸೋರ್ಸ್ (ಕೋಡ್ ಎಲ್ಲರಿಗೂ ಮುಕ್ತವಾಗಿರುವ ಸಾಫ್ಟ್‌ವೇರ್) ತಗೊಂಡರೆ ಎಲ್ಲ ಸರಿಹೋಗುತ್ತದೆ ಅನ್ನುವವರ ಮಾತೂ ಅರ್ಧ ಸತ್ಯ. ಹ್ಯಾಶಿಕಾರ್ಪ್ ಕಂಪನಿ 2023ರಲ್ಲಿ ಟೆರಾಫಾರ್ಮ್ (ಸರ್ವರ್‌ಗಳನ್ನು ಕೋಡ್‌ನಿಂದ ಸಿದ್ಧಪಡಿಸುವ ಸಾಫ್ಟ್‌ವೇರ್) ಲೈಸೆನ್ಸ್ ಬದಲಿಸಿ ಬಿಗಿ ಮಾಡಿತು. 2024ರಲ್ಲಿ ರೆಡಿಸ್ ಅನ್ನುವ ಡೇಟಾಬೇಸ್‌ನವರೂ ಹಾಗೇ ಮಾಡಿದರು. ಆದರೆ ಒಂದು ವ್ಯತ್ಯಾಸವಿದೆ. ಹಳೇ ಕೋಡ್ ಎಲ್ಲರ ಕೈಯಲ್ಲೂ ಇತ್ತು. ಹಾಗಾಗಿ ಓಪನ್‌ಟೋಫು, ವಾಲ್ಕಿ ಅಂತ ಅದರದೇ ಕವಲುಗಳು ಬೇಗನೆ ಎದ್ದು ನಿಂತವು. ವಿಎಂವೇರ್ ಗಿರಾಕಿಗಳಿಗೆ ಆ ಅವಕಾಶ ಇರಲಿಲ್ಲ.

ನಾನು ಕೇಳುವುದು ಇಷ್ಟೇ. ಯಾವುದು ನಿಂತರೆ ಮಾರನೇ ದಿನ ವ್ಯಾಪಾರ ನಿಲ್ಲುತ್ತದೋ ಅಂಥ ಎರಡು ಮೂರು ಸಾಫ್ಟ್‌ವೇರ್‌ಗಳನ್ನು ಮೊದಲು ಗುರುತಿಸಿ. ಚಾಟ್ ಆಪ್ ಯಾರದ್ದಾದರೇನು, ಅದರ ಬಗ್ಗೆ ಚಿಂತೆ ಬೇಡ. ಬಿಲ್ಲಿಂಗ್, ಗಿರಾಕಿಗಳ ಮಾಹಿತಿ, ಲಾಗಿನ್ ವ್ಯವಸ್ಥೆ, ಇವುಗಳ ಬಗ್ಗೆ ಚಿಂತೆ ಮಾಡಿ. ಲಾಗಿನ್ ಅಂದದ್ದು ಬೇಕೆಂದೇ. ಎಲ್ಲ ಸಾಫ್ಟ್‌ವೇರ್‌ಗಳ ಬಾಗಿಲನ್ನೂ ಒಂದೇ ಕಂಪನಿಯ ಖಾತೆಯಿಂದ ತೆರೆಯುತ್ತಿದ್ದರೆ, ನೀವು ಎಷ್ಟು ವೆಂಡರ್‌ಗಳನ್ನು ಇಟ್ಟುಕೊಂಡರೂ ಲೆಕ್ಕಕ್ಕೆ ಒಬ್ಬರೇ.

ಆ ಎರಡು ಮೂರರ ಡೇಟಾ ಪ್ರತಿ ಬೇರೆ ಕಂಪನಿಯ ಜಾಗದಲ್ಲಿ, ಬೇರೆ ಪಾಸ್‌ವರ್ಡ್‌ನಲ್ಲಿ, ಬೇರೆ ಕಾರ್ಡ್‌ನಿಂದ ದುಡ್ಡು ಕಟ್ಟುವ ಖಾತೆಯಲ್ಲಿ ಇರಲಿ. ಆಗಾಗ ಅದನ್ನು ತೆರೆದು, ಹೋದ ತಿಂಗಳ ಒಂದು ಬಿಲ್ ಅದರಿಂದ ಹೊರಡಿಸಲು ಆಗುತ್ತದಾ ನೋಡಿ. ತೆರೆದು ನೋಡದ ಬ್ಯಾಕಪ್ಪನ್ನು ನಾನು ಬ್ಯಾಕಪ್ ಅಂತ ಕರೆಯುವುದಿಲ್ಲ.

ಇನ್ನು ಕಾಂಟ್ರಾಕ್ಟ್. ರಿನ್ಯೂವಲ್‌ನಲ್ಲಿ ಬೆಲೆ ಎಷ್ಟರವರೆಗೆ ಏರಿಸಬಹುದು ಅನ್ನುವ ಮಿತಿ, ಕಂಪನಿ ಮಾರಾಟವಾದರೂ ಅದೇ ಷರತ್ತು ಮುಂದುವರಿಯುತ್ತದೆ ಅನ್ನುವ ಮಾತು, ಬಿಟ್ಟ ಮೇಲೂ ಕೆಲವು ತಿಂಗಳು ಡೇಟಾ ಓದಲು ಬಿಡುವ ಅವಕಾಶ. ಈ ಮೂರನ್ನು ಸಹಿಗೆ ಮೊದಲು ಕೇಳಬೇಕು. ಆಗ ಸೇಲ್ಸ್‌ನವರಿಗೆ ತಿಂಗಳ ಟಾರ್ಗೆಟ್ ಇರುತ್ತದೆ, ಒಪ್ಪುತ್ತಾರೆ. ಸಹಿ ಆದ ಮೇಲೆ ನಿಮ್ಮ ಫೋನ್ ಹೋಗುವುದು ಬೇರೆ ಡಿಪಾರ್ಟ್‌ಮೆಂಟ್‌ಗೆ.

ಸಣ್ಣ ಕಂಪನಿಗೆ ಇಂಥ ಚೌಕಾಸಿ ಮಾಡುವ ಶಕ್ತಿ ಇಲ್ಲ ಅನ್ನುವುದು ನಿಜ. ಅವರಿಗೆ ಸಿಗುವುದು "ಒಪ್ಪುತ್ತೇನೆ" ಅನ್ನುವ ಬಟನ್ ಮಾತ್ರ. ಅಲ್ಲಿ ಕಾನೂನೇ ನೆರವಿಗೆ ಬರಬೇಕು. ಐರೋಪ್ಯ ಒಕ್ಕೂಟದ ಡೇಟಾ ಆ್ಯಕ್ಟ್ 2025ರ ಸೆಪ್ಟೆಂಬರ್ 12ರಿಂದ ಅನ್ವಯವಾಗಿದೆ. ಕ್ಲೌಡ್ ಗಿರಾಕಿ ಬೇರೆ ಕಡೆ ಹೋಗುತ್ತೇನೆ ಅಂದರೆ ತಡೆಯುವಂತಿಲ್ಲ. 2027ರ ಜನವರಿ 12ರಿಂದ ಹಾಗೆ ಹೋಗುವುದಕ್ಕೆ ಶುಲ್ಕ ಕೇಳುವಂತೆಯೂ ಇಲ್ಲ. ಡೇಟಾ ಹೊರಗೆ ಸಾಗಿಸುವ ಶುಲ್ಕವನ್ನು ಖಾತೆ ಬಿಟ್ಟು ಹೋಗುವವರಿಗೆ ಮನ್ನಾ ಮಾಡುತ್ತೇವೆ ಅಂತ ಗೂಗಲ್, ಅಮೆಜಾನ್, ಮೈಕ್ರೋಸಾಫ್ಟ್ ಮೂರೂ 2024ರ ಮೊದಲ ಮೂರು ತಿಂಗಳಲ್ಲೇ ಘೋಷಿಸಿದ್ದವು. ಕಾನೂನು ಬರುವ ಸುಳಿವು ಸಿಕ್ಕರೆ ಅಷ್ಟು ದೊಡ್ಡವರೂ ದಾರಿಗೆ ಬರುತ್ತಾರೆ. ಇಂಥ ನಿಯಮ ಬೇರೆ ದೇಶಗಳಲ್ಲೂ ಬೇಕು, ಕ್ಲೌಡ್‌ಗೆ ಮಾತ್ರವಲ್ಲ, ಲೆಕ್ಕಪತ್ರದ ಸಾಫ್ಟ್‌ವೇರ್‌ಗೂ ಬೇಕು. ಅಲ್ಲಿಯವರೆಗೆ ಆ ಎಕ್ಸ್‌ಪೋರ್ಟ್ ಬಟನ್ ಒತ್ತಿದರೆ ನಿಜವಾಗಿ ಏನು ಬರುತ್ತದೆ ಅಂತ ನೋಡಿದವರು ಕಾಮೆಂಟ್‌ನಲ್ಲಿ ಬರೆಯಿರಿ. ಸಾಫ್ಟ್‌ವೇರ್ ಯಾವ ಬಗೆಯದ್ದು, ಏನು ಬಂತು, ಏನು ಬರಲಿಲ್ಲ, ಅಷ್ಟು ಸಾಕು.