ಆ ನಾಟಕಕ್ಕೆ ಮುಂಚೆ ಆ ಭಾಷಣವಾ?

ಭಾನುವಾರ ಸಂಜೆ ಒಂದು ಒಳ್ಳೆಯ ನಾಟಕ ನೋಡಿ, ಉರಿದುಕೊಂಡು ಮನೆಗೆ ಬಂದೆ. ಸಿಟ್ಟು ನಾಟಕದ ಮೇಲಲ್ಲ. ಅದಕ್ಕೆ ಮುಂಚೆ ನಡೆದ ಮುಕ್ಕಾಲು ಗಂಟೆಯ ಪರಿಚಯ ಭಾಷಣದ ಮೇಲೆ. ಎರಡು ದಿನ ಸುಮ್ಮನಿದ್ದೆ. ಆಗಲಿಲ್ಲ. ಅದಕ್ಕೇ ಇಲ್ಲಿ ಕಾರಿಕೊಳ್ಳುತ್ತಿದ್ದೇನೆ, ಸಹಿಸಿಕೊಳ್ಳಿ.

ನಾಟಕ ಪೋಲಂಡಿನದು, 'ಫೆರ್ದಿದುರ್ಕೆ'. ನಾವು ನೋಡಿದ್ದು ರೆಕಾರ್ಡಿಂಗ್. ವಿಟೋಲ್ಡ್ ಗೊಂಬ್ರೋವಿಚ್ 1937ರಲ್ಲಿ ಈ ಹೆಸರಿನ ತಮಾಷೆಯ, ತಲೆಹರಟೆಯ ಕಾದಂಬರಿ ಬರೆದ. ಲುಬ್ಲಿನ್ ಎಂಬ ಊರಿನ ಎರಡು ಸಣ್ಣ ತಂಡಗಳು, ಪ್ರೊವಿಜೋರಿಯಂ ಮತ್ತು ಕೊಂಪಾನ್ಯಾ, ಸೇರಿಕೊಂಡು 1998ರಲ್ಲಿ ಅದನ್ನು ರಂಗಕ್ಕೆ ತಂದವು. ನಿರ್ದೇಶನ ಯಾನುಷ್ ಓಪ್ರಿನ್ಸ್ಕಿ ಮತ್ತು ವಿಟೋಲ್ಡ್ ಮಜುರ್ಕೆವಿಚ್. ಇಡೀ ಕಾದಂಬರಿಯ ಗದ್ದಲಕ್ಕೆ ನಾಲ್ಕೇ ನಟರು. ಭಾರೀ ಸೆಟ್ ಇಲ್ಲ. ಒಂದು ಇಕ್ಕಟ್ಟಾದ ಜಾಗ, ಅದರಲ್ಲಿ ನಾಲ್ಕು ದೊಡ್ಡ ಗಂಡಸರು ಹುಡುಗರ ಹಾಗೆ ಒದ್ದಾಡುತ್ತಾರೆ, ಮುಖ ಕಿವುಚುತ್ತಾರೆ, ಒಬ್ಬರ ಮೇಲೊಬ್ಬರು ಬೀಳುತ್ತಾರೆ. ಇಷ್ಟನ್ನು ಹೊತ್ತುಕೊಂಡು ಅವರು ಎಡಿನ್‌ಬರೋಗೆ ಹೋದರು, ನ್ಯೂಯಾರ್ಕಿನ ಲಾ ಮಾಮಾ ರಂಗಮಂದಿರಕ್ಕೆ ಹೋದರು, ಇನ್ನೂ ಎಲ್ಲೆಲ್ಲೋ ಹೋದರು.

ಈಗ ಭಾಷಣಕ್ಕೆ ಬರುತ್ತೇನೆ. ಭಾಷಣಕಾರರು ಏನಂದರು ಗೊತ್ತಾ? ಗೊಂಬ್ರೋವಿಚ್ ಮಹಾನ್ ಲೇಖಕ. ಇಪ್ಪತ್ತನೇ ಶತಮಾನದ ಮೇರು ಪ್ರತಿಭೆ. ಇಂಥ ಕೃತಿಯನ್ನು ನೋಡುವುದೇ ನಮ್ಮ ಭಾಗ್ಯ. ಆದ್ದರಿಂದ ಎಲ್ಲರೂ ಗಂಭೀರವಾಗಿ ನೋಡಬೇಕು. ಗಂಭೀರವಾಗಿ! ಮುಂದಿನ ಸಾಲಿನಲ್ಲಿ ಕೂತಿದ್ದ ಕಾಲೇಜು ಹುಡುಗರು ಪಾಪ ತಕ್ಷಣ ಮೊಬೈಲ್ ಒಳಗಿಟ್ಟು ಬೆನ್ನು ನೆಟ್ಟಗೆ ಮಾಡಿಕೊಂಡರು.

ಈ ಮಾತನ್ನು ಬೇರೆ ಯಾವ ನಾಟಕಕ್ಕೆ ಮುಂಚೆ ಹೇಳಿದ್ದರೂ ನಾನು ಆಕಳಿಸಿಕೊಂಡು ಸುಮ್ಮನಿರುತ್ತಿದ್ದೆ. ಇದೊಂದಕ್ಕೆ ಮಾತ್ರ ಹೇಳಬಾರದಿತ್ತು. ಯಾಕೆಂದರೆ ಆ ಕಾದಂಬರಿ ಗೇಲಿ ಮಾಡುವುದೇ ಈ ಮಾತನ್ನು.

ಕಥೆ ಗೊತ್ತಿಲ್ಲದವರಿಗೆ ಸ್ವಲ್ಪ ಹೇಳುತ್ತೇನೆ. ಯೂಜ್ಯೊ ಎಂಬ ಮೂವತ್ತು ವರ್ಷದವನಿದ್ದಾನೆ. ಒಂದು ಪುಸ್ತಕ ಬರೆದು 'ಇನ್ನೂ ಬೆಳೆದಿಲ್ಲ' ಅನ್ನಿಸಿಕೊಂಡವನು. ಒಂದು ಬೆಳಿಗ್ಗೆ ಪಿಮ್ಕೊ ಎಂಬ ಪ್ರೊಫೆಸರ್ ಮನೆಗೇ ಬಂದು ಕೂರುತ್ತಾನೆ. ಕೂತು ವ್ಯಾಕರಣದ ಪ್ರಶ್ನೆ ಕೇಳುತ್ತಾನೆ. ಕೇಳುತ್ತಾ ಕೇಳುತ್ತಾ ಇವನು ಕುಗ್ಗಿ ಶಾಲೆಯ ಹುಡುಗನಾಗುತ್ತಾನೆ. ಪ್ರೊಫೆಸರ್ ಅವನನ್ನು ಶಾಲೆಗೆ ಎಳೆದುಕೊಂಡು ಹೋಗಿ ಬೆಂಚಿನ ಮೇಲೆ ಕೂರಿಸುತ್ತಾನೆ. ವಿಚಿತ್ರ ಏನೆಂದರೆ, ಇವನಿಗೆ ಮೂವತ್ತು ವರ್ಷ ಅಂತ ಅಲ್ಲಿ ಯಾರಿಗೂ ಅನ್ನಿಸುವುದೇ ಇಲ್ಲ.

ಅಲ್ಲಿ ಒಂದು ಪಾಠ ನಡೆಯುತ್ತದೆ. ನನಗೆ ಕಾದಂಬರಿಯಲ್ಲಿ ತುಂಬಾ ಇಷ್ಟವಾದ ಭಾಗ ಅದು. ಬ್ಲಾದಾಚ್ಕಾ ಎಂಬ ಸಾಹಿತ್ಯದ ಮೇಷ್ಟ್ರು ಸ್ಲೊವಾಟ್ಸ್ಕಿ ಎಂಬ ಕವಿಯ ಬಗ್ಗೆ ಹೇಳುತ್ತಿದ್ದಾರೆ. (ಸ್ಲೊವಾಟ್ಸ್ಕಿ ನಿಜವಾದ ಕವಿ, ಹತ್ತೊಂಬತ್ತನೇ ಶತಮಾನದವನು, ಪೋಲಂಡಿನವರಿಗೆ ಪೂಜ್ಯ.) ಅವನ ಪದ್ಯ ನಮ್ಮ ಮನಸ್ಸನ್ನು ಯಾಕೆ ಸೆಳೆಯುತ್ತದೆ? ಯಾಕೆಂದರೆ ಅವನು ಮಹಾಕವಿ. ಸರಿ, ಅವನು ಯಾಕೆ ಮಹಾಕವಿ? ಯಾಕೆಂದರೆ ನಮ್ಮ ಮನಸ್ಸನ್ನು ಸೆಳೆಯುತ್ತಾನೆ. ಗೌಕ್ಯೇವಿಚ್ ಎಂಬ ಹುಡುಗ ಎದ್ದು, ನನ್ನನ್ನೇನೂ ಸೆಳೆಯುತ್ತಿಲ್ಲ ಸಾರ್, ಎರಡು ಪದ್ಯದ ಮೇಲೆ ಓದೋಕಾಗಲ್ಲ ಅನ್ನುತ್ತಾನೆ. ಮೇಷ್ಟ್ರು ಬೆವರುತ್ತಾರೆ. ಸೆಳೆಯುತ್ತದೆ ಅಂತ ನಾನು ಇಷ್ಟು ಸಲ ವಿವರಿಸಿದ್ದೇನಲ್ಲ, ಆದರೂ ಹೇಗೆ ಸೆಳೆಯುವುದಿಲ್ಲ? ಅದಕ್ಕೂ ಹುಡುಗ ಜಗ್ಗದೇ ಇದ್ದಾಗ ಮೇಷ್ಟ್ರು ಕೊನೆಗೆ ಬೇಡಿಕೊಳ್ಳುತ್ತಾರೆ. ನನಗೆ ಹೆಂಡತಿ ಮಗು ಇದ್ದಾರಪ್ಪ, ಆ ಮಗುವಿನ ಮುಖ ನೋಡಿಯಾದರೂ ಕರುಣೆ ತೋರಿಸು ಅಂತ!

ಮೊದಲ ಸಲ ಓದಿದಾಗ ಇಲ್ಲಿ ಜೋರಾಗಿ ನಕ್ಕಿದ್ದೆ. ಆಮೇಲೆ ನಗು ನಿಂತೂ ಹೋಯಿತು. ನಮ್ಮಪ್ಪ ಹಳ್ಳಿ ಶಾಲೆ ಮೇಷ್ಟ್ರು, ನಿಮಗೆ ಗೊತ್ತು. ಇನ್‌ಸ್ಪೆಕ್ಟರ್ ಬರುವ ಹಿಂದಿನ ದಿನ ಯಾವ ಹುಡುಗ ಯಾವ ಪ್ರಶ್ನೆಗೆ ಕೈ ಎತ್ತಬೇಕು ಅಂತ ಹೇಳಿಕೊಡುತ್ತಿದ್ದರು. ಅವರಿಗೂ ಹೆಂಡತಿ ಮಗು ಇದ್ದರು. ಆ ಮಗು ನಾನೇ. ಇದನ್ನು ಯಾಕೆ ಬರೆದೆನೋ ಗೊತ್ತಿಲ್ಲ, ಬಿಡಿ.

ನಮ್ಮ ಭಾಷಣಕಾರರಿಗೆ ಯಾವ ಇನ್‌ಸ್ಪೆಕ್ಟರ್ ಭಯ ಇತ್ತು ಅನ್ನುವುದೇ ನನ್ನ ಪ್ರಶ್ನೆ. ಬ್ಲಾದಾಚ್ಕಾ ಹೊಟ್ಟೆಪಾಡಿಗೆ ಹೇಳುತ್ತಾನೆ. ಇವರು ಪುಕ್ಕಟೆಯಾಗಿ ಹೇಳುತ್ತಿದ್ದರಲ್ಲ!

ನಾನು ಇದನ್ನು ಫೋನಿನಲ್ಲಿ ಒಬ್ಬ ಗೆಳೆಯನಿಗೆ ಹೇಳಿದೆ. ಅವನಂದ: ಅಲ್ಲಮ್ಮಾ, ಪೋಲಂಡ್ ಎಲ್ಲಿ, ನಾವೆಲ್ಲಿ. ಆ ಕವಿ ಯಾರು, ಆ ಕಾಲ ಯಾವುದು ಅಂತ ಹೇಳದೆ ಇದ್ದರೆ ಹೊರಗಿನವರಿಗೆ ನಾಟಕ ಹೇಗೆ ಅರ್ಥವಾಗಬೇಕು? ಸರಿಯಾದ ಪ್ರಶ್ನೆಯ ಹಾಗೆ ಕಾಣುತ್ತದೆ. ಅವನು ಯಾವಾಗಲೂ ಸರಿಯಾದ ಪ್ರಶ್ನೆಯನ್ನೇ ಕೇಳುವುದು, ಅದೇ ಅವನ ಕಾಯಿಲೆ. ಆದರೆ ಲುಬ್ಲಿನ್‌ನ ಆ ನಾಲ್ವರು ಏನು ಮಾಡಿದರು ನೋಡಿ. ಡನೂಟಾ ಬೋರ್ಚಾರ್ಡ್ ಮಾಡಿದ ಇಂಗ್ಲಿಷ್ ಅನುವಾದ ಹಿಡಿದು, ತಾವೇ ಇಂಗ್ಲಿಷಿನಲ್ಲಿ ಆಡಿದರು. ತಮ್ಮದಲ್ಲದ ಭಾಷೆಯಲ್ಲಿ, ತಮ್ಮ ಉಚ್ಚಾರಣೆಯಲ್ಲೇ. ಸ್ಲೊವಾಟ್ಸ್ಕಿ ಯಾರು ಅಂತ ಗೊತ್ತಿಲ್ಲದವರ ಮುಂದೆ! ಆ ಕವಿ ಗೊತ್ತಿರಬೇಕಾಗಿಯೂ ಇಲ್ಲ. ಕ್ಲಾಸಿನಲ್ಲಿ ಕೂತು 'ಮಹಾಕವಿ' ಅಂತ ನೋಟ್ಸ್ ಬರೆದುಕೊಂಡ ಯಾರಿಗಾದರೂ ಆ ಬೆಂಚು ಗೊತ್ತು. ಭಾನುವಾರವೂ ಆ ಮುಂದಿನ ಸಾಲಿನ ಹುಡುಗರು ಸ್ವಲ್ಪ ಹೊತ್ತು ನಗುವುದಕ್ಕೆ ಹೆದರಿದರು. ನಗಬಹುದಾ ಅಂತ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆ ಹೆದರಿಕೆ ಪೋಲಂಡಿನಿಂದ ಬಂದದ್ದಲ್ಲ ಸ್ವಾಮಿ, ಮೈಕ್‌ನಿಂದ ಬಂದದ್ದು.

ಈ ಪುಸ್ತಕ ಮೊದಲ ಸಲ ದೇಶ ಬಿಟ್ಟು ಹೊರಟ ಕಥೆ ಕೇಳಿದರಂತೂ ಈ ಭಾಷಣಗಳ ಬಗ್ಗೆ ಇನ್ನೂ ನಗು ಬರುತ್ತದೆ. ಗೊಂಬ್ರೋವಿಚ್ ಹಡಗು ಹತ್ತಿ 1939ರ ಆಗಸ್ಟ್‌ನಲ್ಲಿ ಅರ್ಜೆಂಟೀನಾ ತಲುಪಿದ. ಅಲ್ಲಿಗೆ ಮುಟ್ಟಿ ಕೆಲವೇ ದಿನಕ್ಕೆ ಯುದ್ಧ ಶುರುವಾಯಿತು. ಅವನು ಉಳಿದುಬಿಟ್ಟ, 1963ರವರೆಗೆ. ಕೈಯಲ್ಲಿ ಕಾಸಿಲ್ಲ, ಹೆಸರು ಕೇಳಿದವರಿಲ್ಲ. ಬ್ಯೂನಸ್ ಐರಿಸ್‌ನ ಕೆಫೆ ರೆಕ್ಸ್ ಎಂಬಲ್ಲಿ ಚೆಸ್ ಆಡುತ್ತಾ ಕೂರುತ್ತಿದ್ದ. ಅಲ್ಲೇ ಗೆಳೆಯರ ಗುಂಪು ಕಟ್ಟಿಕೊಂಡು 'ಫೆರ್ದಿದುರ್ಕೆ'ಯನ್ನು ಸ್ಪ್ಯಾನಿಷ್‌ಗೆ ತಂದ. ಅವನ ಸ್ಪ್ಯಾನಿಷ್ ಅರೆಬರೆ. ಗೆಳೆಯರಿಗೆ ಪೋಲಿಷ್ ಬರುವುದಿಲ್ಲ. ಆ ಗುಂಪಿಗೆ ಅಧ್ಯಕ್ಷ ಕ್ಯೂಬಾದ ಲೇಖಕ ವಿರ್ಹೀಲಿಯೋ ಪಿನ್ಯೇರಾ. ಗೊಂಬ್ರೋವಿಚ್ ಒಂದು ವಾಕ್ಯವನ್ನು ಹೇಗೋ ಹೇಳುವುದು, ಅವರು ಜಗಳ ಆಡಿ ಸರಿ ಮಾಡುವುದು. 1947ರಲ್ಲಿ ಪುಸ್ತಕ ಬಂತು. ಆಗ ಯಾರೂ ಅದನ್ನು ಮಹಾನ್ ಕೃತಿ ಅಂತ ಕೈಗೆತ್ತಿಕೊಂಡಿರಲಿಲ್ಲ. ಮಜಾ ಬಂತು, ಮಾಡಿದರು. ಅಷ್ಟೇ.

ಇತ್ತ ಅವನ ಊರಲ್ಲೇ ಅವನ ಪುಸ್ತಕ ಓದಬೇಕಾದರೆ ಕಷ್ಟವಿತ್ತು. 1957ರಲ್ಲಿ ಕಮ್ಯುನಿಸ್ಟ್ ಸರ್ಕಾರದ ಬಿಗಿ ಸ್ವಲ್ಪ ಸಡಿಲಾದಾಗ ಪೋಲಂಡಿನಲ್ಲಿ ಮತ್ತೆ ಅಚ್ಚಾಯಿತು, ಬೇಗನೆ ಮತ್ತೆ ಬಾಗಿಲು ಮುಚ್ಚಿತು. ಅವನು ವಾಪಸ್ ಹೋಗಲೇ ಇಲ್ಲ, 1969ರಲ್ಲಿ ಫ್ರಾನ್ಸಿನಲ್ಲಿ ತೀರಿಕೊಂಡ. ಆಮೇಲೆ ಎಲ್ಲ ತಿರುಗಿತು. ಹುಟ್ಟಿ ನೂರು ವರ್ಷವಾಯಿತು ಅಂತ ಪೋಲಂಡಿನ ಸಂಸತ್ತು 2004ನ್ನು ಗೊಂಬ್ರೋವಿಚ್ ವರ್ಷ ಅಂತ ಘೋಷಿಸಿತು. ಮೂರು ವರ್ಷ ಕಳೆದು, 2007ರಲ್ಲಿ ಶಿಕ್ಷಣ ಮಂತ್ರಿ ರೋಮನ್ ಗಿಯೆರ್ತಿಖ್ ಅವನನ್ನು ಶಾಲೆಯ ಓದಿನ ಪಟ್ಟಿಯಿಂದ ತೆಗೆಯಲು ಹೊರಟರು. ದೊಡ್ಡ ಗಲಾಟೆಯಾಯಿತು. ಎಲ್ಲರ ಹಾಗೆ ನಾನೂ ಮಂತ್ರಿಗಳಿಗೆ ಬೈಯಬೇಕು, ಬೈಯುತ್ತೇನೆ. ಆದರೆ ಪಟ್ಟಿಯಲ್ಲಿ ಉಳಿದರೆ ಅವನ ಗತಿ ಏನು ಅಂತಲೂ ಯೋಚಿಸಿ. ಪೋಲಂಡಿನ ಯಾವುದೋ ತರಗತಿಯಲ್ಲಿ ಯಾವನೋ ಹುಡುಗ, 'ಗೊಂಬ್ರೋವಿಚ್ ನಮ್ಮನ್ನು ಯಾಕೆ ಸೆಳೆಯುತ್ತಾನೆ' ಎಂಬ ಪ್ರಶ್ನೆಗೆ ಐದು ಅಂಕದ ಉತ್ತರ ಬರೆಯುತ್ತಿರಬಹುದು, ಅಲ್ವಾ?

ಅದನ್ನು ನೆನೆದೇ ನನಗೆ ಆ ನಾಲ್ಕು ನಟರ ಮೇಲೆ ಪ್ರೀತಿ ಜಾಸ್ತಿ. ಅವನನ್ನು ಪೀಠದಿಂದ ಇಳಿಸಿ, ಮತ್ತೆ ಆ ಬೆಂಚಿನ ಮೇಲೆ ಕೂರಿಸಿ, ಜೊತೆಗೆ ತಾವೂ ಕೂತು ಊರೂರು ಸುತ್ತಿದರು. ಬೆವರಿದರು, ಉಗುಳು ಹಾರಿಸಿದರು. ಮುಖಕ್ಕೆ ಮುಖ ಕೊಟ್ಟು ಅಣಕಿಸಿದರು. ನಮ್ಮವರು ಮುಕ್ಕಾಲು ಗಂಟೆಯಲ್ಲಿ ಅವನನ್ನು ಹೊತ್ತು ವಾಪಸ್ ಪೀಠಕ್ಕೆ ಏರಿಸಿ, ಶಾಲು ಹೊದಿಸಿ, ಹಾರ ಹಾಕಿದರು.

ನಾಟಕ ಮುಗಿದ ಮೇಲೆ ಸಂವಾದವೂ ಇತ್ತು. ಮೈಕ್ ನನ್ನ ಹತ್ತಿರ ಬಂತು. ನಾನು ಗೌಕ್ಯೇವಿಚ್ ಹೇಳಿದ್ದನ್ನೇ ಹೇಳಿದೆ: ನಿಮ್ಮ ಭಾಷಣ ನನ್ನನ್ನು ಸೆಳೆಯಲಿಲ್ಲ ಸಾರ್. ಹುಡುಗರು ನಕ್ಕರು. ಭಾಷಣಕಾರರೂ ನಕ್ಕರು, ಮೆಚ್ಚಿಕೊಂಡರು ಕೂಡ. ಆಮೇಲೆ ಗೊಂಬ್ರೋವಿಚ್‌ನ ಹಾಸ್ಯಪ್ರಜ್ಞೆ ಎಷ್ಟು ದೊಡ್ಡದು ಎಂಬುದರ ಬಗ್ಗೆ ಇನ್ನೂ ಹತ್ತು ನಿಮಿಷ ಮಾತಾಡಿದರು.